ನಾಟಕಕರ್ತನೂ ನಟವರ್ಗವೂ

ತುಮಕೂರು ಸೀಮೆಯಲ್ಲಿ ನಾಟಕದ ಅಭಿರುಚಿಯು ಕುಂದಿಹೋಯಿತೆಂದು ಮರುಗುವವರು, ಸುಗ್ಗಿ ಕಳೆದ ತಿಂಗಳುಗಳಲ್ಲಿ ಗುಬ್ಬಿ ಅಥವಾ ಕುಣಿಗಲ್ ತಾಲ್ಲೂಕಿನ ಯಾವುದಾದರೊಂದು ಗ್ರಾಮದಲ್ಲಿ ಒಂದು ರಾತ್ರಿಯನ್ನು ಎಚ್ಚರದಿಂದ ಕಳೆದವರಾಗಿರಲಾರರು. ಊರಹಬ್ಬಕ್ಕೋ ಜಾತ್ರೆಗೋ ಕಟ್ಟಿದ ರಂಗದ ಮುಂದೆ ಹೊತ್ತು ಮುಳುಗುತ್ತಲೇ ಜನ ನೆರೆಯುತ್ತದೆ. ಹಾರ್ಮೋನಿಯಂ ನುಡಿಯುತ್ತದೆ, ಬಾಡಿಗೆಗೆ ತಂದ ಸೀನರಿಯ ಅರಮನೆ ದೀಪದ ಬೆಳಕಿನಲ್ಲಿ ಥಳಥಳಿಸುತ್ತದೆ, ನಡುರಾತ್ರಿಗೆ ಸಂಧಾನ ಮುರಿಯುತ್ತದೆ, ಕೋಳಿ ಕೂಗುವ ಹೊತ್ತಿಗೆ ದುರ್ಯೋಧನನ ತೊಡೆ ಮುರಿಯುತ್ತದೆ. ನೋಡುವವರಿಗೂ ಕೊರತೆಯಿಲ್ಲ, ಆಡುವವರಿಗೂ ಕೊರತೆಯಿಲ್ಲ. ಕೊರತೆಯಿರುವುದು ಬರೆಯುವವನ ಪಾಲಿಗೆ. ವರುಷದಿಂದ ವರುಷಕ್ಕೆ ಕುರುಕ್ಷೇತ್ರವೋ ದಾನಶೂರ ಕರ್ಣನೋ ರಾಜಸೂಯವೋ ಮತ್ತೆ ಮತ್ತೆ ರಂಗವನ್ನೇರುತ್ತಿದ್ದರೂ ಅದು ಯಾವ ಕವಿಯ ಕೃತಿಯೆಂದು ಕೇಳುವವರು ವಿರಳ. ಹೊಸದಾಗಿ ನಾಟಕವೊಂದನ್ನು ಬರೆದಿಟ್ಟುಕೊಂಡ ತರುಣನು ಅದನ್ನು ಹಿಡಿದು ಯಾರ ಮನೆಯ ಬಾಗಿಲಿಗೆ ಹೋಗಬೇಕೆಂಬುದಕ್ಕೆ ಉತ್ತರ ಹೇಳುವವರು ಇನ್ನೂ ವಿರಳ.

ಬೇರೆ ಜಿಲ್ಲೆಯಲ್ಲಾಗಿದ್ದರೆ ಇದನ್ನು ಕಾಲಧರ್ಮವೆಂದು ಹೇಳಿ ಸುಮ್ಮನಾಗಬಹುದಾಗಿತ್ತು. ಗುಬ್ಬಿಯ ನೆಲದಲ್ಲಿ ಹಾಗೆ ಹೇಳಿ ಮುಗಿಸುವಂತಿಲ್ಲ. ೧೮೮೪ರಲ್ಲಿ ಅಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘವು, ಬಾಲನಟರಾಗಿ ಒಳಹೊಕ್ಕು ಮುಂದೆ ಅದರ ಒಡೆಯರಾದ ವೀರಣ್ಣನವರ ಕಾಲದಲ್ಲಿ ಕನ್ನಡ ನಾಡನ್ನೆಲ್ಲ ಸಂಚರಿಸಿ ನೆರೆನಾಡುಗಳಲ್ಲಿಯೂ ಹೆಸರು ಪಡೆಯಿತು. ಆ ಕಂಪೆನಿಯ ಕೀರ್ತಿಯನ್ನು ಹೇಳುವಾಗ ಜನರು ಮೊದಲು ನೆನೆಯುವುದು ಆನೆ ಕುದುರೆಗಳನ್ನು. ೧೯೩೪ರಲ್ಲಿ ಪ್ರಯೋಗಗೊಂಡ ಕುರುಕ್ಷೇತ್ರದಲ್ಲಿ ಸಜೀವ ಗಜಾಶ್ವಗಳನ್ನು ರಂಗಕ್ಕೆ ತಂದ ಸಾಹಸವು ಈಗ ದಂತಕಥೆಯಾಗಿದೆ. ಆನೆಗಳ ಮುಂದೆ ನಿಂತ ಕೌರವ ಪಾಂಡವರ ಬಾಯಿಗೆ ಮಾತು ಕೊಟ್ಟವರು ಬಿ. ಪುಟ್ಟಸ್ವಾಮಯ್ಯನವರೆಂಬುದನ್ನು ನೆನೆಯುವವರು ಅಷ್ಟು ಮಂದಿ ಇಲ್ಲ. ಕ್ರಾಂತಿಕಲ್ಯಾಣ ಕಾದಂಬರಿಗೆ ೧೯೬೪ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದ ಮೇಲೆ ವಿದ್ವಜ್ಜನರು ಅವರನ್ನು ಕಾದಂಬರಿಕಾರರೆಂದೇ ಎಣಿಸಿದರು. ನಾಟಕಕರ್ತರೆಂಬ ಮೊದಲಿನ ಹೆಸರು ಹಿಂದೆ ಸರಿಯಿತು. ತಮ್ಮ ಹೆಸರಿನಲ್ಲಿಯೇ ತುಮಕೂರು ತಾಲ್ಲೂಕಿನ ಊರನ್ನು ಹೊತ್ತ ಬೆಳ್ಳಾವೆ ನರಹರಿ ಶಾಸ್ತ್ರಿಗಳ ಗತಿಯೂ ಬಹುಮಟ್ಟಿಗೆ ಅದೇ. ಗುಬ್ಬಿ ಕಂಪೆನಿಗೆ ಅವರು ಬರೆದುಕೊಟ್ಟ ನಾಟಕಗಳಿಗಿಂತ, ೧೯೩೪ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ಸತಿ ಸುಲೋಚನಕ್ಕೆ ಅವರು ಮಾತು ಹಾಡು ಬರೆದ ಸಂಗತಿಯೇ ಇಂದಿನವರಿಗೆ ಹೆಚ್ಚು ಪರಿಚಿತವಾಗಿದೆ.

ಕಂಪೆನಿಯ ಕವಿಗೆ ಆ ಕಾಲದಲ್ಲಿದ್ದ ಸೌಲಭ್ಯವೇನೆಂಬುದನ್ನು ಸ್ವಲ್ಪ ವಿಚಾರಿಸಬೇಕು. ಸಂಬಳವೂ ಊಟವೂ ಅದರಲ್ಲಿ ಅತ್ಯಲ್ಪ ಭಾಗ. ಲೇಖನಿಯನ್ನು ಹಿಡಿಯುವ ಮೊದಲೇ ಆತನು ನಟರನ್ನು ಬಲ್ಲವನಾಗಿದ್ದನು. ಯಾರ ಕಂಠವು ಎಲ್ಲಿಯವರೆಗೆ ಏರುವುದು, ಯಾರ ನಾಲಗೆಗೆ ದೀರ್ಘ ವಚನವು ಒಗ್ಗುವುದು, ಯಾರು ಸುಮ್ಮನೆ ನಿಂತರೂ ಸಭೆ ನಗುವುದು, ಇದೆಲ್ಲವೂ ಆತನಿಗೆ ಕರತಲಾಮಲಕ. ಇನ್ನು ರಂಗದ ಕೆಲಸ. ದರ್ಬಾರಿನ ಭಾರಿ ದೃಶ್ಯ ಮುಗಿದು ವನದ ದೃಶ್ಯ ಸಜ್ಜಾಗುವವರೆಗೆ ಮುಂದಿನ ಪರದೆಯೊಂದನ್ನು ಇಳಿಬಿಟ್ಟು ಅದರೆದುರು ಬೀದಿಯ ಮಾತನ್ನೋ ಹಾಸ್ಯವನ್ನೋ ನಡೆಸಬೇಕು. ಹಿಂದೆ ಕೆಲಸಗಾರರ ಸದ್ದು ಅಡಗುವವರೆಗೆ ಮುಂದೆ ನಗೆ ಅಡಗಬಾರದು. ಕಂಪೆನಿ ನಾಟಕಗಳಲ್ಲಿ ಹಾಸ್ಯವು ಕಥೆಗೆ ಹೊಂದುವುದಿಲ್ಲವೆಂದು ದೂರುವ ಪಂಡಿತರು ಈ ಪರದೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ದೂರಿನಲ್ಲಿ ಸತ್ಯಾಂಶವಿಲ್ಲವೆಂದಲ್ಲ. ಎಷ್ಟೋ ನಾಟಕಗಳಲ್ಲಿ ಹಾಸ್ಯಗಾರನು ಬಾಡಿಗೆಯನ್ನೂ ಕೊಡದೆ ಮನೆಯನ್ನೂ ಬಿಡದೆ ಕುಳಿತ ಬಿಡಾರದವನಂತೆ ಕಥೆಯ ಮೂಲೆಯೊಂದನ್ನು ಆಕ್ರಮಿಸಿಕೊಂಡಿರುತ್ತಾನೆ. ಆದರೆ ಸದಾರಮೆಯ ಕಳ್ಳನು ಅಂಥವನಲ್ಲ. ಅವನಿಲ್ಲದೆ ಕಥೆ ಮುಂದೆ ಸಾಗದು. ಆ ಪಾತ್ರವನ್ನು ಧರಿಸಿ ವೀರಣ್ಣನವರು ನಾಡನ್ನೆಲ್ಲ ನಗಿಸಿದರು. ಮುಂದೆ ಅವರ ಮೊಮ್ಮಗಳಾದ ಬಿ. ಜಯಶ್ರೀಯವರು ಅದೇ ಪಾತ್ರವನ್ನು ಧರಿಸಿದಾಗ ಹೊಸ ಕಾಲದ ಸಭಿಕರೂ ನಕ್ಕರು. ನಟನ ಬಲವನ್ನು ಅರಿತ ಬರೆವಣಿಗೆಯು ಎಷ್ಟು ಕಾಲ ಬಾಳುವುದೆಂಬುದನ್ನು ಅಲ್ಲಿ ಕಾಣಬಹುದು.

ಇದಕ್ಕೆ ಎದುರಾದ ಚಿತ್ರವೊಂದು ಅದೇ ಜಿಲ್ಲೆಯಲ್ಲಿದೆ. ಗುಬ್ಬಿಗೆ ಅಂಟಿಕೊಂಡಿರುವ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ಜನಿಸಿದ ಬಿ. ಎಂ. ಶ್ರೀಕಂಠಯ್ಯನವರು ೧೯೨೬ರಲ್ಲಿ ಗದಾಯುದ್ಧ ನಾಟಕವನ್ನು ಪ್ರಕಟಿಸಿದರು. ರನ್ನನ ಕಾವ್ಯದ ಪದ್ಯಗಳನ್ನೇ ಹೆಚ್ಚಾಗಿ ಆಯ್ದು ಜೋಡಿಸಿ, ಗ್ರೀಕ್ ರುದ್ರನಾಟಕದ ದೃಷ್ಟಿಯಿಂದ ದುರ್ಯೋಧನನನ್ನು ದುರಂತವೀರನಾಗಿ ಅವರು ನಿಲ್ಲಿಸಿದರು. ೧೯೨೯ರಲ್ಲಿ ಸೊಫೊಕ್ಲಿಸನ ಏಜಾಕ್ಸ್ ನಾಟಕವು ಅವರ ಕೈಯಲ್ಲಿ ಅಶ್ವತ್ಥಾಮನ್ ಆಯಿತು. ೧೯೩೫ರಲ್ಲಿ ಈಸ್ಕಿಲಸನ ಕೃತಿಯು ಪಾರಸಿಕರು ಎಂಬ ಹೆಸರಿನಿಂದ ಬಂದಿತು. ಗದಾಯುದ್ಧದ ದುರ್ಯೋಧನನು ಪುಸ್ತಕದಲ್ಲಿ ಮೈದೋರಿದ ಎಂಟು ವರ್ಷಗಳಿಗೆ ಗುಬ್ಬಿ ಕಂಪೆನಿಯ ದುರ್ಯೋಧನನು ರಂಗದಲ್ಲಿ ಮೈದೋರಿದನು. ಒಂದೇ ಸೀಮೆಯ ನಂಟುಳ್ಳ ಈ ಇಬ್ಬರು ಕೌರವರು ಒಬ್ಬರನ್ನೊಬ್ಬರು ಸಂಧಿಸಲಿಲ್ಲ. ಒಬ್ಬನು ವಿದ್ಯಾಲಯಗಳ ಸ್ವತ್ತಾದನು, ಇನ್ನೊಬ್ಬನು ಹಳ್ಳಿಹಳ್ಳಿಗಳ ಸ್ವತ್ತಾದನು. ಮೊದಲನೆಯವನ ಮಾತಿನ ಗಾಂಭೀರ್ಯವು ಎರಡನೆಯವನಿಗೆ ದೊರೆಯಲಿಲ್ಲ. ಎರಡನೆಯವನ ಉಸಿರು ಮೊದಲನೆಯವನಿಗೆ ಬರಲಿಲ್ಲ. ಕನ್ನಡ ನಾಟಕಕ್ಕೆ ಆದ ನಷ್ಟಗಳಲ್ಲಿ ಇದು ಸಣ್ಣದಲ್ಲ. ಕಂಪೆನಿಯ ಕವಿಗಳಿಗೆ ಗ್ರೀಕ್ ನಾಟಕದ ಪರಿಚಯ ಬೇಡವೆಂದು ಯಾರೂ ಹೇಳಿರಲಿಲ್ಲ. ವಿದ್ವಾಂಸರಿಗೆ ಪರದೆಯ ಹಗ್ಗದ ಪರಿಚಯ ಬೇಡವೆಂದೂ ಯಾರೂ ಹೇಳಿರಲಿಲ್ಲ. ಎರಡು ಕಡೆಯವರೂ ತಮ್ಮ ತಮ್ಮ ಮಾನವನ್ನು ಕಾಯ್ದುಕೊಂಡರು.

ರಂಗವು ಹತ್ತಿರವಿಲ್ಲದ ನಾಟಕಕರ್ತನ ಗತಿಗೆ ಇನ್ನೂ ಕಠಿನವಾದ ಉದಾಹರಣೆ ಸಂಸರದು. ೧೯೩೯ರಲ್ಲಿ ತೀರಿಕೊಂಡ ಆ ಪ್ರತಿಭಾಶಾಲಿಯು ಬರೆದುದು ಇಪ್ಪತ್ತಮೂರು ನಾಟಕಗಳೆಂದು ಹೇಳುವರು, ಉಳಿದುಬಂದುವು ಆರು. ವಿಗಡ ವಿಕ್ರಮರಾಯದಂತಹ ಕೃತಿಯನ್ನು ಓದಿದವರಿಗೆ, ಇದನ್ನು ಬರೆಯುತ್ತಿರುವಾಗ ಒಂದು ನಟವರ್ಗವು ಆತನ ಸುತ್ತ ಇದ್ದಿದ್ದರೆ ಏನಾಗುತ್ತಿತ್ತೋ ಎಂಬ ಕಳವಳ ತಪ್ಪದು. ಕೈಲಾಸಂ ಅವರ ಅದೃಷ್ಟ ಬೇರೆಯಾಗಿತ್ತು. ಅವರು ನಾಟಕಗಳನ್ನು ಬಾಯಿಯಿಂದ ಹೇಳಿ ಬರೆಯಿಸುತ್ತಿದ್ದರು. ಎಲ್ಲ ಪಾತ್ರಗಳ ದನಿಯೂ ಅವರ ಗಂಟಲಿನಲ್ಲಿಯೇ ಇದ್ದುದರಿಂದ ಅವರೊಬ್ಬರೇ ಒಂದು ನಟವರ್ಗವಾಗಿದ್ದರು. ಆ ವರವನ್ನು ಎಲ್ಲ ತರುಣ ಲೇಖಕರೂ ಬೇಡಿಕೊಂಡು ಬಂದಿರುವುದಿಲ್ಲ.

ಕಂಪೆನಿಗಳು ಕುಗ್ಗಿದ ಕಥೆ ಎಲ್ಲರಿಗೂ ತಿಳಿದುದೇ. ರಂಗದ ಮೇಲಿದ್ದ ಬೇಡರ ಕಣ್ಣಪ್ಪನು ೧೯೫೪ರಲ್ಲಿ ಚಿತ್ರವಾದನು. ಅದನ್ನು ನಿರ್ಮಿಸಿದವರಲ್ಲಿ ವೀರಣ್ಣನವರೂ ಒಬ್ಬರು. ನಟರು ಹೋದ ದಾರಿಯಲ್ಲಿ ಕವಿಗಳೂ ಹೋದರು. ಉತ್ತರ ಕರ್ನಾಟಕದಲ್ಲಿ ಮಾತ್ರ ಕವಿಯೂ ಕಂಪೆನಿಯೂ ಒಂದೇ ಬಿಡಾರದಲ್ಲಿರುವ ಪದ್ಧತಿ ಇನ್ನಷ್ಟು ಕಾಲ ನಡೆಯಿತು. ನಟನಾಗಿ ಕಂಪೆನಿಗಳಲ್ಲಿ ಪಳಗಿದ ಪಿ. ಬಿ. ಧುತ್ತರಗಿಯವರು ಹತ್ತಾರು ನಾಟಕಗಳನ್ನು ಬರೆದರು. ಅವರ ಸಂಪತ್ತಿಗೆ ಸವಾಲ್ ೧೯೭೪ರಲ್ಲಿ ಚಿತ್ರವಾಗುವ ಮೊದಲೇ ಜನರ ನಾಲಗೆಯ ಮೇಲಿತ್ತು. ಗುಬ್ಬಿಯ ಗರಡಿಯೂ ಪೂರ್ತಿ ಬರಿದಾಗಲಿಲ್ಲ. ಬಾಲಕನಾಗಿ ಆ ಕಂಪೆನಿಯನ್ನು ಸೇರಿ, ವೀರಣ್ಣನವರ ನೆರವಿನಿಂದ ಕಾಶಿಯಲ್ಲಿ ವ್ಯಾಸಂಗ ಮಾಡಿದ ಬಿ. ವಿ. ಕಾರಂತರು ೧೯೭೨ರಲ್ಲಿ ಬೆಂಗಳೂರಿನಲ್ಲಿ ಮೂರು ನಾಟಕಗಳನ್ನು ಆಡಿಸಿದರು: ಈಡಿಪಸ್, ಸಂಕ್ರಾಂತಿ, ಜೋಕುಮಾರಸ್ವಾಮಿ. ಮೊದಲನೆಯದು ಅನುವಾದ, ಉಳಿದೆರಡೂ ಅಂದಿನ ತರುಣರಾದ ಲಂಕೇಶ್ ಮತ್ತು ಚಂದ್ರಶೇಖರ ಕಂಬಾರರ ಹೊಸ ಕೃತಿಗಳು. ಹೊಸ ಲೇಖಕನಿಗೆ ರಂಗವನ್ನು ಬಿಟ್ಟುಕೊಡುವ ಧೈರ್ಯ ಗುಬ್ಬಿಯ ಶಿಷ್ಯನಿಗಿತ್ತು. ಅದು ಫಲಿಸಿದ್ದು ರಾಜಧಾನಿಯಲ್ಲಿ. ಗುಬ್ಬಿಗೆ ಹಿಂದಿರುಗಿ ಬರಲಿಲ್ಲ.

ಇಂದಿನ ತುಮಕೂರು ನಗರದಲ್ಲಿ ವೀರಣ್ಣನವರ ಹೆಸರಿನ ಕಲಾಕ್ಷೇತ್ರವಿದೆ, ಹವ್ಯಾಸಿ ಮಂಡಲಿಗಳಿವೆ, ಶ್ರದ್ಧೆಯುಳ್ಳ ತರುಣ ತರುಣಿಯರಿದ್ದಾರೆ. ಅವರ ಕಷ್ಟವನ್ನು ಅರಿಯದೆ ದೂಷಿಸುವುದು ನ್ಯಾಯವಲ್ಲ. ಒಂದೆರಡು ತಿಂಗಳು ಸಂಜೆಗಳನ್ನು ವ್ಯಯಿಸಿ ಸಿದ್ಧಪಡಿಸಿದ ನಾಟಕವು ಒಂದೋ ಎರಡೋ ರಾತ್ರಿಗೆ ಮುಗಿದುಹೋಗುವಾಗ, ಹೆಸರು ಕೇಳಿದ ಕೃತಿಯನ್ನೇ ಆಯ್ದುಕೊಳ್ಳಬೇಕೆಂದು ಅವರಿಗೆ ತೋರುವುದು ಸಹಜ. ಹೀಗಾಗಿ ತುಘಲಕನು ಮತ್ತೆ ಮತ್ತೆ ರಾಜಧಾನಿಯನ್ನು ಬದಲಾಯಿಸುತ್ತಿರುತ್ತಾನೆ. ಹೊಸದು ಬೇಕೆನಿಸಿದಾಗ ಪ್ರಸಿದ್ಧ ಕಥೆಯನ್ನೋ ಕಾದಂಬರಿಯನ್ನೋ ರಂಗಕ್ಕೆ ಅಳವಡಿಸುವುದು ರೂಢಿಯಾಗಿದೆ. ಅಳವಡಿಕೆಯು ಹೀನವಾದ ಕೆಲಸವೇನೂ ಅಲ್ಲ. ಮಲೆಗಳಲ್ಲಿ ಮದುಮಗಳು ೨೦೧೦ರಲ್ಲಿ ಮೈಸೂರಿನ ರಂಗಾಯಣದಿಂದ ರಾತ್ರಿಯಿಡೀ ನಡೆದಾಗ ಸಾವಿರಾರು ಮಂದಿ ಕಣ್ಣುಮುಚ್ಚದೆ ಕುಳಿತರು. ಆದರೆ ಕಾದಂಬರಿಕಾರನು ನಾಟಕಶಾಲೆಗೆ ಹೊರಗಿನವನು. ಅವನ ಹೆಸರಿನಿಂದ ಸಭೆ ತುಂಬುವುದೇ ಹೊರತು, ತಾಲೀಮಿನಲ್ಲಿ ಕುಳಿತು, ನಟಿಯು ತಡವರಿಸಿದ ವಾಕ್ಯವನ್ನು ಮರುದಿನ ತಿದ್ದಿ ತಂದುಕೊಡುವವನೊಬ್ಬನು ಅದರಿಂದ ತಯಾರಾಗುವುದಿಲ್ಲ.

ನಾಟಕರಚನೆಗೆ ಏರ್ಪಡುವ ಸ್ಪರ್ಧೆಗಳು ಈ ಕೊರತೆಯನ್ನು ತುಂಬಲಾರವು. ತೀರ್ಪುಗಾರರು ಓದಿ ಮೆಚ್ಚುವುದೇ ಒಂದು, ನಟರು ಆಡಿ ಮೆಚ್ಚುವುದೇ ಒಂದು. ಬಹುಮಾನಿತ ನಾಟಕಗಳ ದೋಷವು ಸಾಮಾನ್ಯವಾಗಿ ಒಂದೇ ಬಗೆಯದು: ಪಾತ್ರಗಳು ಪರಸ್ಪರ ಮಾತನಾಡದೆ ತೀರ್ಪುಗಾರರನ್ನು ಉದ್ದೇಶಿಸಿ ಮಾತನಾಡುತ್ತವೆ. ಯಾರು ಎಲ್ಲಿಂದ ಬಂದರು, ಬಂದವರ ಕೈಯಲ್ಲಿ ಏನಿದೆ, ಮಾತು ಮುಗಿದವನು ಎಲ್ಲಿ ನಿಲ್ಲಬೇಕು ಎಂಬುದನ್ನು ಕರ್ತೃವು ಕಂಡಿರುವುದಿಲ್ಲ. ಕಾಣುವುದಕ್ಕೆ ಅವನಿಗೆ ಅವಕಾಶವೆಲ್ಲಿತ್ತು?

ಆ ಅವಕಾಶವು ಅವನು ಹುಡುಕದ ಕಡೆ, ಹಳ್ಳಿಯ ನಾಟಕದಲ್ಲಿ, ಇನ್ನೂ ತೆರೆದಿದೆ. ಅಲ್ಲಿಯ ವ್ಯವಹಾರವು ನಗರದವರಿಗೆ ವಿಚಿತ್ರವಾಗಿ ಕಾಣುವುದುಂಟು. ಪಾತ್ರಧಾರಿಗೆ ಹಣ ಕೊಡುವುದಕ್ಕೆ ಬದಲಾಗಿ ಪಾತ್ರಧಾರಿಯೇ ತನ್ನ ಪಾತ್ರಕ್ಕೆ ಹಣ ಕಟ್ಟುತ್ತಾನೆ. ಪಾತ್ರ ದೊಡ್ಡದಾದಷ್ಟೂ ಹಣ ದೊಡ್ಡದು. ಕೃಷ್ಣನೂ ದುರ್ಯೋಧನನೂ ಬೇಕೆನ್ನುವವರು ಹೆಚ್ಚಾದ ಊರಿನಲ್ಲಿ ಒಂದೇ ರಾತ್ರಿಗೆ ಇಬ್ಬರು ಕೃಷ್ಣರು, ಇಬ್ಬರು ದುರ್ಯೋಧನರು ಸರದಿಯ ಮೇಲೆ ಬರುತ್ತಾರೆ. ವಿಮರ್ಶಕರು ಇದನ್ನು ಕಂಡು ನಗುತ್ತಾರೆ. ನಗುವ ಮೊದಲು ಒಂದನ್ನು ಗಮನಿಸಬೇಕು. ಹಗಲೆಲ್ಲ ರಾಗಿಯ ಹೊಲದಲ್ಲಿಯೋ ತೆಂಗಿನ ತೋಟದಲ್ಲಿಯೋ ದುಡಿದು, ತಿಂಗಳುಗಟ್ಟಲೆ ರಾತ್ರಿ ಹಾರ್ಮೋನಿಯಂ ಮೇಷ್ಟರ ಮುಂದೆ ಕುಳಿತು ಕಲಿತು, ಮೇಲೆ ತನ್ನ ಕೈಯ ಹಣವನ್ನೂ ತೆತ್ತು ಒಂದು ರಾತ್ರಿ ಕರ್ಣನಾಗಬಯಸುವ ನಟನು ಬೇರೆಲ್ಲಿ ದೊರೆಯುವನು? ಅಂತಹ ನಟನಿಗೆ ಬರೆಯುವ ಲೇಖಕನಿಗೆ ಕಟ್ಟಳೆಗಳೂ ಇವೆ. ಹಣ ಕಟ್ಟಿದ ಪ್ರತಿಯೊಬ್ಬನಿಗೂ ಒಂದು ಪ್ರವೇಶ, ಒಂದು ಹಾಡು, ಬಂಧುಗಳು ಹಾರ ಹಾಕಲು ಬರುವಂತಹ ಒಂದು ಘಳಿಗೆ ಬೇಕು. ಒಬ್ಬನೇ ನಾಯಕನ ಅಂತರಂಗವನ್ನು ಎರಡು ಗಂಟೆಯ ಕಾಲ ತೋಡುವ ನಾಟಕ ಅಲ್ಲಿ ನಿಲ್ಲದು. ಹನ್ನೆರಡು ಮಂದಿಗೆ ಹನ್ನೆರಡು ಒಳ್ಳೆಯ ಪಾತ್ರಗಳನ್ನು ಕೊಡಬಲ್ಲ ನಾಟಕ ನಿಲ್ಲುತ್ತದೆ. ಅಂತಹದನ್ನು ಬರೆಯುವುದು ಸುಲಭವಲ್ಲ.

ಪುರಾಣವು ಹಳಸಿತೆಂಬ ಆಕ್ಷೇಪ ಏಳಬಹುದು. ಸಂಪಿಗೆಯ ಶ್ರೀಕಂಠಯ್ಯನವರ ಅಶ್ವತ್ಥಾಮನನ್ನು ಓದಿದವರು ಈ ಆಕ್ಷೇಪವನ್ನು ಹಿಂದೆಗೆದುಕೊಳ್ಳುವರು. ಪುರಾಣವೇ ಆಗಬೇಕೆಂಬ ನಿರ್ಬಂಧವೂ ಇಲ್ಲ. ಕುಣಿಗಲ್ ಕೆರೆಯನ್ನು ಹಾಡಿದ ಜನಪದಗೀತವನ್ನು ಅರಿಯದ ಕನ್ನಡಿಗರು ಕಡಮೆ. ಆ ಏರಿಯ ಕೆಳಗಿನ ಗದ್ದೆಯವರೇ ತಮ್ಮ ಕೆರೆಯ ಮೇಲೊಂದು ನಾಟಕವಿದ್ದರೆ ಬೇಡವೆನ್ನುವರೆ? ಆದರೂ ಮೊದಲ ಹೆಜ್ಜೆಗೆ ಇಡೀ ನಾಟಕವನ್ನು ಹೊತ್ತುಕೊಂಡು ಹೋಗುವುದು ಅವಿವೇಕವಾದೀತು. ಹಳ್ಳಿಯ ಕುರುಕ್ಷೇತ್ರದಲ್ಲಿ ಹೊಸ ಹಾಡನ್ನೋ ಹೊಸ ಸಂವಾದವನ್ನೋ ಸೇರಿಸಿಕೊಳ್ಳುವುದು ಮೇಷ್ಟರ ಹಳೆಯ ಪದ್ಧತಿ. ಕುಂತಿಯು ಕರ್ಣನ ಬಳಿಗೆ ಬರುವ ಒಂದೇ ದೃಶ್ಯವನ್ನು ತರುಣ ಲೇಖಕನು ಹೊಸದಾಗಿ ಬರೆದು, ತಾಲೀಮಿನ ಕೊಟ್ಟಿಗೆಯಲ್ಲಿ ಕುಳಿತು, ಕರ್ಣನ ಪಾತ್ರ ಹಿಡಿದ ರೈತನಿಗೆ ಅದನ್ನು ಕಲಿಸಿ, ಬೆಳಗಿನ ಜಾವದ ಸಭೆಯಲ್ಲಿ ಎಷ್ಟು ಮಂದಿ ಎಚ್ಚರವಾಗಿದ್ದರೆಂದು ಎಣಿಸಿಕೊಂಡು ಬರಲಿ. ನಗರದ ಮಂಡಲಿಗಳು ತಮ್ಮ ವರ್ಷದ ನಾಟಕಗಳಲ್ಲಿ ಒಂದನ್ನು ಮೊದಲ ಬಾರಿಗೆ ಬರೆದವನಿಗೆ ಮೀಸಲಿಟ್ಟು, ತಾಲೀಮಿಗೆ ಅವನನ್ನು ಮೊದಲ ದಿನದಿಂದಲೇ ಕರೆದರೆ ಅದಕ್ಕೆ ತಗಲುವ ವೆಚ್ಚವೂ ಹೆಚ್ಚೇನಲ್ಲ.

ಹಳ್ಳಿಯ ನಾಟಕದ ಖರ್ಚಿನ ಪಟ್ಟಿಯಲ್ಲಿ ಸೀನರಿಗೆ ಇಷ್ಟು, ವೇಷಭೂಷಣಕ್ಕೆ ಇಷ್ಟು, ದೀಪ ಧ್ವನಿವರ್ಧಕಗಳಿಗೆ ಇಷ್ಟು, ಹೊರಗಿನಿಂದ ಬರುವ ನಟಿಯರಿಗೆ ಇಷ್ಟು, ಮೇಷ್ಟರಿಗೆ ಇಷ್ಟು ಎಂದು ಕ್ರಮವಾಗಿ ಬರೆದಿರುತ್ತಾರೆ. ಕವಿಗೆ ಇಷ್ಟು ಎಂಬ ಸಾಲು ಅದರಲ್ಲಿಲ್ಲ. ಹಳ್ಳಿಯವರು ಅದನ್ನು ಬೇಕೆಂದೇ ಬಿಟ್ಟವರಲ್ಲ. ಕೇಳಿಕೊಂಡು ಹೋದ ಕವಿಯನ್ನು ಅವರು ಕಂಡುದೇ ಅಪರೂಪ.