ಗೈರುಹಾಜರಿಯ ಓಲೆ: ಒಂದು ವಿಮರ್ಶೆ

ರಜೆಗೆ ಹೊರಡುವ ಮುನ್ನ ಬರೆದಿಟ್ಟು, ಬಂದ ಇ-ಮೇಲ್‌ಗಳಿಗೆಲ್ಲ ಯಂತ್ರದ ಮೂಲಕ ತಾನಾಗಿ ಹೋಗುವ ಗೈರುಹಾಜರಿಯ ಸೂಚನೆಯನ್ನು ಬರವಣಿಗೆಯ ಒಂದು ಪ್ರಕಾರವೆಂದು ಗಣಿಸಿದವರು ವಿರಳ. ಆದರೆ ಚರಿತ್ರೆಯ ಅಭ್ಯಾಸಿಗೆ ಲೇಖ್ಯವೆಲ್ಲವೂ ಪರೀಕ್ಷಾರ್ಹವೇ. ಈ ಸೂಚನೆಯನ್ನು ಯಾರು ಓದುವರೆಂಬುದು ಬರೆದವನಿಗೆ ತಿಳಿಯದು. ಅವರು ಓದುವಾಗ ಅವನು ಸ್ಥಳದಲ್ಲಿರುವುದೂ ಇಲ್ಲ. ಆದುದರಿಂದ ಓದುಗನನ್ನು ಅದು ಎಷ್ಟರಮಟ್ಟಿಗೆ ಊಹಿಸಿಕೊಂಡಿದೆ ಎಂಬುದರಿಂದಲೇ ಅದರ ಬೆಲೆ ಕಟ್ಟಬೇಕೆಂದು ನಮ್ಮ ಅಭಿಪ್ರಾಯ.

ವೇಲ್ಸ್‌ನ ಸ್ವಾನ್ಸಿ ನಗರದಲ್ಲಿ 2008ರಲ್ಲಿ ನಡೆದ ಪ್ರಸಂಗ ಇದಕ್ಕೆ ಮುಖ್ಯ ಸಾಕ್ಷ್ಯ. ಅಲ್ಲಿ ರಸ್ತೆಯ ಫಲಕಗಳು ಇಂಗ್ಲಿಷ್, ವೆಲ್ಷ್ ಎರಡು ಭಾಷೆಗಳಲ್ಲಿಯೂ ಇರುತ್ತವೆ. ಭಾರಿ ವಾಹನಗಳಿಗೆ ಪ್ರವೇಶವಿಲ್ಲವೆಂಬ ವಾಕ್ಯವನ್ನು ನಗರಾಡಳಿತದವರು ಭಾಷಾಂತರಕ್ಕೆಂದು ಇ-ಮೇಲಿನಲ್ಲಿ ಕಳುಹಿಸಿದರು. ವೆಲ್ಷ್‌ನಲ್ಲಿ ಉತ್ತರ ಬಂದಿತು. ಅದನ್ನೇ ಫಲಕದ ಮೇಲೆ ಬರೆಯಿಸಿ ನಿಲ್ಲಿಸಿದರು. ವೆಲ್ಷ್ ಬಲ್ಲವರು ಓದಿ ನೋಡಲಾಗಿ, ಬರೆದವರು ಸದ್ಯಕ್ಕೆ ಕಚೇರಿಯಲ್ಲಿಲ್ಲವೆಂದೂ ಭಾಷಾಂತರದ ಕೆಲಸವೇನಿದ್ದರೂ ಕಳುಹಿಸಬೇಕೆಂದೂ ಅದರಲ್ಲಿತ್ತು! ಫಲಕವನ್ನು ತೆಗೆಯಿಸಬೇಕಾಯಿತು. ನಕ್ಕವರೆಲ್ಲರೂ ನಗರಾಡಳಿತವನ್ನು ಕುರಿತು ನಕ್ಕರು. ನಮಗಾದರೋ ದೋಷದ ಅರ್ಧಭಾಗ ಸೂಚನೆಯದೇ ಎಂದು ತೋರುತ್ತದೆ. ಭಾಷಾಂತರವನ್ನು ಬೇಡಿ ಬರುವವನು ಪ್ರಾಯಶಃ ಆ ಭಾಷೆಯನ್ನು ಅರಿಯದವನೇ ಅಲ್ಲವೆ? ಅವನಿಗಾಗಿ ಇಂಗ್ಲಿಷಿನಲ್ಲಿ ಒಂದು ಸಾಲಿದ್ದಿದ್ದರೆ ಸಾಕಾಗಿತ್ತು. ನಮ್ಮಲ್ಲಿರುವುದು ಇದರ ವಿಲೋಮ: ಕನ್ನಡದಲ್ಲಿ ಬರೆದ ವಿದ್ಯಾರ್ಥಿಗೂ ಸಾಮಾನ್ಯವಾಗಿ ಇಂಗ್ಲಿಷಿನ ಸಿದ್ಧವಾಕ್ಯವೇ ಮರಳಿ ಬರುತ್ತದೆ.

ಸ್ವಾರಸ್ಯವೆಂದರೆ, ಈ ಓಲೆಯನ್ನು ಹೊತ್ತೊಯ್ಯುವ ಯಂತ್ರಕ್ಕೆ ಸಾಕಷ್ಟು ವಿವೇಕವನ್ನು ಕಲಿಸಲಾಗಿದೆ. ಎರಿಕ್ ಆಲ್ಮನ್ ರಚಿಸಿದ, 1986ರ ಬರ್ಕ್‌ಲಿ ಯೂನಿಕ್ಸ್‌ನಲ್ಲಿ ಸೇರಿದ ‘ವೆಕೇಷನ್’ ಎಂಬ ಪ್ರೋಗ್ರಾಂ, ಒಬ್ಬನೇ ಹತ್ತು ಸಲ ಬರೆದರೂ ಸಾಮಾನ್ಯವಾಗಿ ವಾರಕ್ಕೊಮ್ಮೆ ಮಾತ್ರ ಉತ್ತರಿಸುತ್ತಿತ್ತು. ಯಂತ್ರದ ಉತ್ತರಕ್ಕೆ ಯಂತ್ರವು ಉತ್ತರಿಸಕೂಡದೆಂಬ ಶಿಫಾರಸು 2004ರಲ್ಲಿ ಲಿಖಿತವಾಯಿತು. ಒಳಗಿನ ವಾಕ್ಯದ ವಿಷಯದಲ್ಲಿ ಮಾತ್ರ ಇಷ್ಟು ಕಾಳಜಿ ಕಾಣುವುದಿಲ್ಲ.

“ಪತ್ರಗಳನ್ನು ನೋಡಲು ಅವಕಾಶ ಕಡಿಮೆ” ಎಂಬ ರೂಢಿಯ ಮಾತನ್ನೇ ಪರಿಶೀಲಿಸೋಣ. ಇದರಿಂದ ಓದುವನೆಂದೂ ಅರ್ಥವಾಗದು, ಓದನೆಂದೂ ಅರ್ಥವಾಗದು. ಮೇ ತಿಂಗಳಿನಲ್ಲಿ ಅರ್ಜಿಗೆ ಅಧ್ಯಾಪಕರ ಸಹಿಯನ್ನು ಬೇಡಿ ಬರೆದ ವಿದ್ಯಾರ್ಥಿನಿ ಈ ಮಾತನ್ನು ನಂಬಿ ಕಾದರೆ ಕಡೆಯ ದಿನವೇ ಕಳೆದುಹೋಗುವುದು. ದಾನಶಾಸನವನ್ನು ಬರೆಯಿಸಿದವರು ಮುಂದಣ ಓದುಗರನ್ನು ಕಂಡವರಲ್ಲ. ಆದರೂ ದತ್ತಿ ಯಾವುದು, ಅದರ ಎಲ್ಲೆ ಯಾವುದು, ಅದನ್ನು ನಡೆಸತಕ್ಕವರು ಯಾರು ಎಂಬುದನ್ನು ಎಷ್ಟೋ ಶಾಸನಗಳಲ್ಲಿ ಸ್ಪಷ್ಟಪಡಿಸಿದ್ದಾರೆ. ಹಿಂದಿರುಗುವ ದಿನ, ಬದಲಿಗೆ ಇರುವವರ ಹೆಸರು, ಇವೆರಡನ್ನು ಬರೆಯಲು ನಮಗೆ ಕಲ್ಲನ್ನು ಕೆತ್ತುವ ಶ್ರಮವೂ ಇಲ್ಲ.

ಜರ್ಮನಿಯ ಡೈಮ್ಲರ್ ಸಂಸ್ಥೆ ರಜೆಯ ನೌಕರರಿಗೆಂದು ಮಾಡಿದ್ದ, 2014ರಲ್ಲಿ ಲೋಕಪ್ರಸಿದ್ಧವಾದ ಏರ್ಪಾಡು ಇನ್ನೊಂದು ಬಗೆಯದು. ನೌಕರನು ಇಚ್ಛಿಸಿದರೆ, ರಜೆಯಲ್ಲಿ ಬಂದ ಪತ್ರ ಅಳಿಸಿಹೋಗುತ್ತಿತ್ತು. ಆ ಸಂಗತಿಯನ್ನೂ ಬದಲಿ ವ್ಯಕ್ತಿಯ ಹೆಸರನ್ನೂ ಪತ್ರ ಬರೆದವರಿಗೆ ತಿಳಿಸಲಾಗುತ್ತಿತ್ತು. ಇದನ್ನು ಒರಟುತನವೆನ್ನುವವರುಂಟು, ನಾವು ಹಾಗೆಣಿಸೆವು. ಓದುಗನನ್ನು ಸಂದೇಹದಲ್ಲಿ ನಿಲ್ಲಿಸದಿರುವುದೇ ಇದರ ಗುಣ. ಮತ್ತೆ ಬರೆಯುವ ಹೊರೆ ಹೊರಗಿನವನ ಮೇಲೆ ಬೀಳುತ್ತದೆಂಬ ಆಕ್ಷೇಪಣೆಯಲ್ಲಿ ಮಾತ್ರ ಸತ್ಯವಿದೆ. ವಿದ್ಯಾರ್ಥಿಗಳೊಡನೆ ವ್ಯವಹರಿಸುವ ವಿಭಾಗಗಳು ಆ ಅರ್ಧವನ್ನು ಕೈಬಿಟ್ಟು ಉಳಿದುದನ್ನು ಅನುಸರಿಸಬಹುದು.