ಹೊಳೆಯ ಹುಳು, ಕೈಯ ಹುಳು

ಅನುಕರಣೆಯೆಂಬ ಮಾತು ವಿಮರ್ಶೆಯಲ್ಲಿ ಬಹಳ ಹಳೆಯದು. ಕಲೆಯು ಲೋಕದ ಅನುಕರಣೆಯೇ ಅಲ್ಲವೇ ಎಂಬ ಜಿಜ್ಞಾಸೆ ಗ್ರೀಕರಲ್ಲಿಯೂ ನಮ್ಮ ಆಲಂಕಾರಿಕರಲ್ಲಿಯೂ ಶತಮಾನಗಳ ಕಾಲ ನಡೆದು ಇನ್ನೂ ಮುಗಿದಿಲ್ಲ. ಆದರೆ ಆ ವಾದದಲ್ಲಿ ತೀರ್ಪು ಹೇಳುವವರು ನಮ್ಮಂತೆಯೇ ಮಾತು ಬಲ್ಲವರು. ಅವರನ್ನು ಮಾತಿನಿಂದ ಒಲಿಸಿಕೊಳ್ಳಬಹುದು. ಮಾತಿಗೆ ಒಲಿಯದ, ದಾಕ್ಷಿಣ್ಯವನ್ನರಿಯದ ವಿಮರ್ಶಕನೊಬ್ಬನ ಮುಂದೆ ತಮ್ಮ ಅನುಕರಣೆಯನ್ನು ದಿನದಿನವೂ ಒಡ್ಡಿ ಪರೀಕ್ಷಿಸಿಕೊಂಡವರ ಸಾಹಿತ್ಯವೊಂದು ಇಂಗ್ಲಿಷಿನಲ್ಲಿದೆ. ಆ ವಿಮರ್ಶಕ ಟ್ರೌಟ್ ಮೀನು. ಆ ಸಾಹಿತ್ಯ, ಗರಿ ನೂಲು ತುಪ್ಪುಳಗಳಿಂದ ಹುಸಿಹುಳುವನ್ನು ಕಟ್ಟಿ ಗಾಳ ಬೀಸುವವರು ಬರೆದ ಗ್ರಂಥರಾಶಿ. ಇವುಗಳನ್ನು ವಿನೋದದ ಪುಸ್ತಕಗಳೆಂದು ಬದಿಗಿಡುವುದು ವಾಡಿಕೆ. ಅನುಕರಣೆಯ ಸಮಸ್ಯೆಯನ್ನು ಇವುಗಳಷ್ಟು ನೇರವಾಗಿ ಎದುರಿಸಿದ ಬರಹಗಳು ವಿರಳವೆಂದು ನಮಗೆ ತೋರಿದುದರಿಂದ ಇಲ್ಲಿ ಅವುಗಳಲ್ಲಿ ಕೆಲವನ್ನು ವಿವೇಚಿಸಲು ಉದ್ದೇಶಿಸಿದ್ದೇವೆ.

ಮೊದಲ ಮಳೆ ಬಿದ್ದ ಸಂಜೆ ಹುತ್ತದಿಂದ ಈಚಲು ಏಳುವುದನ್ನು ಕಂಡವರಿಗೆ ವಿಷಯದ ಮೂಲ ಸುಲಭವಾಗಿ ತಿಳಿದೀತು. ಆ ಒಂದು ಗಳಿಗೆ ಕೋಳಿಗೂ ಕಪ್ಪೆಗೂ ಹಲ್ಲಿಗೂ ಅದೊಂದೇ ಊಟ. ತಂಪುನೀರಿನ ಹೊಳೆಗಳಲ್ಲಿಯೂ ಇಂಥ ಏಳುವಿಕೆ ಉಂಟು. ಇಂಗ್ಲಿಷಿನವರು ಮೇಫ್ಲೈ ಎಂದು ಕರೆಯುವ ಕೀಟದ ಮರಿ ತಿಂಗಳುಗಟ್ಟಲೆ, ಕೆಲವು ಜಾತಿಗಳಲ್ಲಿ ವರ್ಷವನ್ನೂ ಮೀರಿ, ನೀರಿನಡಿಯ ಕಲ್ಲು ಕೆಸರುಗಳಲ್ಲಿ ಬಾಳುತ್ತದೆ. ಕಾಲ ಬಂದಾಗ ನೀರಿನ ಮೇಲ್ಮೈಗೆ ಏರಿ, ಪೊರೆ ಕಳಚಿ, ಮಂಕಾದ ರೆಕ್ಕೆಗಳನ್ನು ಎತ್ತಿಕೊಂಡು ಕೆಲವು ಕ್ಷಣ ಹರಿವಿನೊಡನೆ ತೇಲಿ, ದಡದ ಗಿಡಗಳಿಗೆ ಹಾರುತ್ತದೆ. ಅಲ್ಲಿ ಮತ್ತೊಮ್ಮೆ ಪೊರೆ ಕಳಚುತ್ತದೆ. ರೆಕ್ಕೆ ಮೂಡಿದ ಮೇಲೆಯೂ ಪೊರೆ ಬಿಡುವ ಕೀಟವರ್ಗ ಇದೊಂದೇ. ಈಗ ರೆಕ್ಕೆ ಗಾಜಿನಂತೆ ಪಾರದರ್ಶಕ. ತಿನ್ನಲು ಬಾಯಿಯ ಬಳಕೆಯಿಲ್ಲ. ಕೂಡಿ, ಮೊಟ್ಟೆಯಿಟ್ಟು, ರೆಕ್ಕೆ ಚಾಚಿ ನೀರಿನ ಮೇಲೆ ಸತ್ತು ಬೀಳುವುದಷ್ಟೇ ಉಳಿದ ಕೆಲಸ. ಮರಿ, ಮಂಕುರೆಕ್ಕೆ, ಗಾಜುರೆಕ್ಕೆ ಎಂಬ ಈ ಮೂರು ಅವಸ್ಥೆಗಳಲ್ಲಿ ಯಾವುದು ಹೇರಳವಾಗಿದೆಯೋ ಅದನ್ನೇ ಆರಿಸಿ ತಿನ್ನುವ ಸ್ವಭಾವ ಟ್ರೌಟ್ ಮೀನಿಗುಂಟು. ಅಂಥ ಹೊತ್ತಿನಲ್ಲಿ ಬೇರೆಯದನ್ನು ಎಷ್ಟು ಅಂದವಾಗಿ ಒಡ್ಡಿದರೂ ಅದು ಬಾಯಿ ತೆರೆಯದಿರುವುದೇ ಹೆಚ್ಚು. ಎದ್ದ ಹುಳುವಿಗೆ ಕೈಯ ಹುಳುವನ್ನು ಸರಿಗಟ್ಟುವ ವಿದ್ಯೆ ಹುಟ್ಟಿದುದು ಈ ಕಾರಣದಿಂದ.

ವಿದ್ಯೆ ಹಳೆಯದಾದರೂ ಅದರ ಶಾಸ್ತ್ರ ಅಷ್ಟು ಹಳೆಯದಲ್ಲ. 1496ರಲ್ಲಿ ಅಚ್ಚಾದ ಇಂಗ್ಲಿಷ್ ಗಾಳಶಾಸ್ತ್ರದಲ್ಲಿಯೇ ತಿಂಗಳುಗಳಿಗನುಸಾರವಾಗಿ 12 ಹುಸಿಹುಳುಗಳ ವಿವರವಿದೆ. ಆದರೆ ಕೀಟವನ್ನು ಅದರ ಶಾಸ್ತ್ರೀಯ ಹೆಸರಿನಿಂದ ಗುರುತಿಸಿ, ನಿಜಹುಳುವಿನ ಪಕ್ಕದಲ್ಲಿ ಹುಸಿಹುಳುವನ್ನು ಬಣ್ಣದಲ್ಲಿ ಚಿತ್ರಿಸಿ ತೋರಿಸುವ ಕ್ರಮ ನೆಲೆಗೊಂಡುದು 1836ರಲ್ಲಿ ಹೊರಬಂದ ಆಲ್ಫ್ರೆಡ್ ರೊನಾಲ್ಡ್ಸನ ಕೀಟಗ್ರಂಥದಿಂದ. ಈತ ಸ್ಟಾಫರ್ಡ್‌ಷೈರಿನ ಬ್ಲೈದ್ ನದಿಯ ಮೇಲೆ ಒಂದು ಗುಡಿಸಲು ಕಟ್ಟಿಕೊಂಡು ಮೀನುಗಳನ್ನು ನೋಡುತ್ತ ಕುಳಿತ. ಅವುಗಳಿಗೆ ಸದ್ದು ಕೇಳುವುದೇ ಎಂದು ತಿಳಿಯಲು ಬಂದೂಕು ಹಾರಿಸಿದ. ರುಚಿ ತಿಳಿಯುವುದೇ ಎಂದು ನೋಡಲು ಮೆಣಸಿನಪುಡಿ, ಸಾಸುವೆ ಸವರಿದ ನೊಣಗಳನ್ನು ತೇಲಿಬಿಟ್ಟ. ಈ ಪ್ರಯೋಗಗಳನ್ನು ಇಂದು ಓದಿದರೆ ನಗು ಬಂದೀತು. ಆದರೂ ಬರೆಯುವ ಮೊದಲು ತನ್ನ ಓದುಗನ ಇಂದ್ರಿಯಗಳನ್ನು ಅರಿಯಬೇಕೆಂದ ಬರಹಗಾರನನ್ನು ಲಘುವಾಗಿ ಕಾಣುವುದು ನಮಗೆ ಸಾಧ್ಯವಾಗದು.

ರೊನಾಲ್ಡ್ಸನು ಬಿತ್ತಿದ್ದನ್ನು ಮತದಂತೆ ಬೆಳೆಸಿದವನು ಫ್ರೆಡರಿಕ್ ಹಾಲ್‌ಫರ್ಡ್ (1844–1914). ಇಂಗ್ಲೆಂಡಿನ ದಕ್ಷಿಣದ ಹ್ಯಾಂಪ್‌ಷೈರಿನಲ್ಲಿ ಸೀಮೆಸುಣ್ಣದ ಗುಡ್ಡಗಳಿಂದ ಒಸರಿ ಹರಿಯುವ ಹೊಳೆಗಳುಂಟು. ಅವುಗಳ ನೀರು ತಿಳಿ, ಹರಿವು ಸಮ, ಹುಳುವಿನ ಸಮೃದ್ಧಿ ಅಪಾರ. ಇಂಥ ಟೆಸ್ಟ್ ನದಿಯ ದಡದಲ್ಲಿ ನಿಂತು ಹಾಲ್‌ಫರ್ಡನು ಗೊತ್ತುಮಾಡಿದ ನಿಯಮ ಇದು: ಮೇಲೆದ್ದು ತಿನ್ನುತ್ತಿರುವ ಮೀನಿಗೆ ಮಾತ್ರ, ಅದು ತಿನ್ನುತ್ತಿರುವ ಹುಳುವಿನ ಯಥಾವತ್ತಾದ ಪ್ರತಿಯನ್ನು, ತೇಲುವಂತೆ ಒಡ್ಡಬೇಕು. 1886ರ ಅವನ ಮೊದಲ ಗ್ರಂಥದಿಂದ ಹಿಡಿದು ಕೊನೆಯವರೆಗೂ ಅವನು ಬೆನ್ನಟ್ಟಿದುದು ಬಣ್ಣದ ನಿಖರತೆಯನ್ನು. ಗಂಡುಹುಳುವಿಗೂ ಹೆಣ್ಣುಹುಳುವಿಗೂ ಬೇರೆ ಬೇರೆ ಪ್ರತಿ ಬೇಕೆಂದ. 1897ರಲ್ಲಿ 100 ಮಾದರಿಗಳನ್ನು ಕೊಟ್ಟವನು 1910ರಲ್ಲಿ ಸೋಸಿ 33ಕ್ಕೆ ಇಳಿಸಿದ. ಅವನ ಶ್ರದ್ಧೆಯನ್ನು ಮೆಚ್ಚಲೇಬೇಕು, ಗದ್ಯವೂ ಗಟ್ಟಿಯಾದದ್ದು. ಆದರೆ ಅವನು ಹುಳುವನ್ನು ನೋಡಿದುದು ಅಂಗೈಯ ಮೇಲಿಟ್ಟುಕೊಂಡು, ಹಗಲ ಬೆಳಕಿನಲ್ಲಿ, ಮನುಷ್ಯನ ಕಣ್ಣಿನಿಂದ. ಮೀನು ಅದನ್ನು ನೋಡುವುದು ಕೆಳಗಿನಿಂದ, ನೀರಿನೊಳಗಿನಿಂದ, ಆಕಾಶದ ಬೆಳಕಿಗೆ ಎದುರಾಗಿ. ಈ ಭೇದ ಅವನ ಪುಸ್ತಕಗಳಲ್ಲಿ ತಕ್ಕ ತೂಕವನ್ನು ಪಡೆಯಲಿಲ್ಲ. ಮೂಲಕ್ಕೆ ನಿಷ್ಠನಾಗಿದ್ದು ಓದುಗನನ್ನು ಮರೆತ ಭಾಷಾಂತರಕಾರನ ದೋಷವೇ ಅವನ ದೋಷ.

ಹಾಲ್‌ಫರ್ಡನ ಹುಳುಗಳು ಕಡಲು ದಾಟಿದ ವೃತ್ತಾಂತ ವಿಮರ್ಶಕರಿಗೆ ಬಹಳ ಬೋಧಪ್ರದವಾದದ್ದು. ಅಮೆರಿಕದ ನ್ಯೂಯಾರ್ಕ್ ಸೀಮೆಯ ಕ್ಯಾಟ್‌ಸ್ಕಿಲ್ ಬೆಟ್ಟಗಳಲ್ಲಿ ಗಾಳ ಹಾಕುತ್ತಿದ್ದ ಥಿಯೊಡೋರ್ ಗಾರ್ಡನ್ ಎಂಬಾತ ಪತ್ರ ಬರೆದು ಕೇಳಿದಾಗ, 1890ರಲ್ಲಿ ಹಾಲ್‌ಫರ್ಡನು ತನ್ನ ಹುಸಿಹುಳುಗಳ ಒಂದು ಸಂಚಯವನ್ನೇ ಅವನಿಗೆ ಕಳುಹಿಸಿದ. ಗಾರ್ಡನನು ಅವುಗಳನ್ನು ಕೃತಜ್ಞತೆಯಿಂದ ಪರಿಶೀಲಿಸಿದ. ಅವು ಇಂಗ್ಲೆಂಡಿನ ಹುಳುಗಳ ಪ್ರತಿಗಳೇ ಹೊರತು ತನ್ನ ಹೊಳೆಯವಲ್ಲವೆಂಬುದನ್ನು ಕಂಡುಕೊಂಡ. ತೇಲಿಸುವ ತಂತ್ರವನ್ನು ಉಳಿಸಿಕೊಂಡು, ತನ್ನ ಬೆಟ್ಟದ ಒರಟು ನೀರಿನಲ್ಲಿ ಏಳುವ ಹುಳುಗಳನ್ನು ನೋಡಿ ಹೊಸದಾಗಿ ಕಟ್ಟಿದ. ಇಂದಿಗೂ ಅವನ ಹೆಸರಿನಿಂದ ನಡೆಯುವ ಹುಸಿಹುಳು ಹಾಗೆ ಹುಟ್ಟಿದುದು. ಕಾವ್ಯಕ್ಷೇತ್ರದಲ್ಲಿ ನಮ್ಮವರಿಗೆ ಇದಕ್ಕೆ ಸಾಟಿಯಾದ ನಿದರ್ಶನ ಅಪರಿಚಿತವಲ್ಲ. 1926ರಲ್ಲಿ ‘ಇಂಗ್ಲಿಷ್ ಗೀತಗಳು’ ಸಂಕಲನವನ್ನು ಹೊರತಂದ ಬಿ. ಎಂ. ಶ್ರೀಕಂಠಯ್ಯನವರು ಎರವಾಗಿ ತಂದುದು ಭಾವಗೀತೆಯ ಕ್ರಮವನ್ನು. ಆ ಕ್ರಮಕ್ಕೆ ದೇಹ ಕೊಟ್ಟುದು ಕನ್ನಡದ ಲಯ. ಗಾರ್ಡನನು ಮಾಡಿದುದೂ ಇದನ್ನೇ. ಅವನು ಇದನ್ನು ಗ್ರಂಥವಾಗಿ ಬರೆಯದೆ ಪತ್ರಗಳಲ್ಲಿಯೂ ಪತ್ರಿಕೆಗಳ ಟಿಪ್ಪಣಿಗಳಲ್ಲಿಯೂ ಚೆಲ್ಲಿಬಿಟ್ಟನೆಂಬುದು ಸಾಹಿತ್ಯಕ್ಕಾದ ನಷ್ಟ.

ಹಾಲ್‌ಫರ್ಡನು 33 ಮಾದರಿಗಳ ತೀರ್ಮಾನಕ್ಕೆ ಬಂದ ಆ 1910ರಲ್ಲಿಯೇ ಅವನ ಸಿದ್ಧಾಂತವನ್ನು ಅಲುಗಾಡಿಸಿದ ಪುಸ್ತಕವೊಂದು ಹೊರಬಂತು. ಜಿ. ಇ. ಎಂ. ಸ್ಕ್ಯೂಸ್ ಲಂಡನ್ನಿನ ನ್ಯಾಯವಾದಿ. ಇಚೆನ್ ನದಿಯ ಮೇಲೆ ಸರಿಯಾಗಿ ತೇಲದೆ ಮುಳುಗಿದ ತನ್ನ ಹುಸಿಹುಳುವನ್ನೇ ಮೀನುಗಳು ಕಚ್ಚಿದುದನ್ನು ಅವನು ಆಕಸ್ಮಿಕವೆಂದು ತಳ್ಳಿಹಾಕಲಿಲ್ಲ, ಸಾಕ್ಷಿಯನ್ನು ವಿಚಾರಿಸಿದ. ಹಿಡಿದ ಮೀನಿನ ಗಂಟಲೊಳಕ್ಕೆ, ಎಲುಬಿನ ಮಜ್ಜೆ ತೆಗೆಯುವಂಥ ಸಪೂರವಾದ ಚಮಚವನ್ನು ಇಳಿಸಿ, ಹೊಟ್ಟೆಯಲ್ಲಿದ್ದುದನ್ನು ಬಿಳಿಯ ತಟ್ಟೆಯ ನೀರಿನಲ್ಲಿ ಹರಡಿ ನೋಡುವುದು ಅವನ ಪದ್ಧತಿ. ಅಲ್ಲಿ ರೆಕ್ಕೆಯ ಹುಳುಗಳಿಗಿಂತ ಮರಿಗಳೇ ಹೆಚ್ಚಾಗಿ ಕಂಡವು. ಹಾಗಾದರೆ ಮೇಲೆ ಎದ್ದಂತೆ ತೋರಿದ ಮೀನುಗಳಲ್ಲಿ ಎಷ್ಟೋ ಮೀನುಗಳು ನಿಜವಾಗಿ ತಿನ್ನುತ್ತಿದ್ದುದು ಮೇಲ್ಮೈಗೆ ಬರುತ್ತಿದ್ದ ಮರಿಗಳನ್ನು. ಮೂತಿ ಹೊರಬಂದರೆ ತೇಲುವ ಹುಳು. ಮೂತಿ ಕಾಣದೆ ಬೆನ್ನು ಬಾಲಗಳು ಮಾತ್ರ ಕಂಡರೆ, ಅಥವಾ ನೀರು ಉಬ್ಬಿದಂತೆ ತೋರಿದರೆ, ನೀರೊಳಗಿನ ಮರಿ. ಕಲಿಯುವವನಿಗೆ ಇದಕ್ಕಿಂತ ಉಪಯುಕ್ತವಾದ ಮೊದಲ ಪಾಠ ಮತ್ತೊಂದಿಲ್ಲ. ಯಾವ ಜಾತಿಯ ಹುಳು ಎಂಬ ಪ್ರಶ್ನೆಗಿಂತ ಯಾವ ಅವಸ್ಥೆಯ ಹುಳು ಎಂಬ ಪ್ರಶ್ನೆ ಮುಂಚೆ ಬರಬೇಕೆಂಬುದನ್ನು ಇದು ತೋರಿಸಿತು.

ಹಾಲ್‌ಫರ್ಡನ ಅನುಯಾಯಿಗಳಿಗೆ ಇದು ರುಚಿಸಲಿಲ್ಲ. ಮರಿಯ ಅನುಕರಣೆ ಆ ಹೊಳೆಗಳಲ್ಲಿ ಸಲ್ಲದ ರೀತಿಯೆಂಬ ಆಕ್ಷೇಪ ಬೆಳೆದು, 1938ರಲ್ಲಿ ಲಂಡನ್ನಿನ ಫ್ಲೈಫಿಷರ್ಸ್ ಕ್ಲಬ್ಬಿನಲ್ಲಿ ವಾದಸಭೆಯೇ ನಡೆಯಿತು. ಎಂಬತ್ತರ ಸಮೀಪದಲ್ಲಿದ್ದ ಸ್ಕ್ಯೂಸನು ತನ್ನ ಪಕ್ಷವನ್ನು ತಾನೇ ವಹಿಸಿ ಮಾತಾಡಬೇಕಾಯಿತು. ಶಾಸ್ತ್ರ ಸಂಪ್ರದಾಯವಾಗಿ, ಸಂಪ್ರದಾಯ ಮಡಿಯಾಗುವ ಬಗೆಯನ್ನು ನಮ್ಮ ಸಾಹಿತ್ಯಚರಿತ್ರೆಯಲ್ಲಿ ಕಂಡವರಿಗೆ ಇದು ಹೊಸದೆನಿಸದು. ಅವನ ಗದ್ಯದಲ್ಲಿ ನ್ಯಾಯವಾದಿಯ ಎಚ್ಚರವೂ ತೆಳುವಾದ ಹಾಸ್ಯವೂ ಬೆರೆತಿವೆ. ಎದುರಾಳಿಯನ್ನು ಹೀಯಾಳಿಸದೆ ಸಾಕ್ಷ್ಯವನ್ನು ಮುಂದಿಟ್ಟು ಸರಿಯುವ ಈ ರೀತಿ ವಿಮರ್ಶಕರಿಗೆ ಮೇಲ್ಪಂಕ್ತಿ.

ಮೀನಿನ ಕಣ್ಣಿನಿಂದಲೇ ನೋಡುವ ಪ್ರಯತ್ನ ಇನ್ನೂ ಮುಂದುವರಿದುದು ವಿನ್ಸೆಂಟ್ ಮರಿನಾರೊವಿನ 1950ರ ಗ್ರಂಥದಲ್ಲಿ. ನೀರಿನೊಳಗಿಂದ ಮೇಲೆ ನೋಡುವ ಮೀನಿಗೆ ಹೊರಲೋಕ ಕಾಣುವುದು, ಬೆಳಕಿನ ಬಾಗುವಿಕೆಯಿಂದಾಗಿ, ಸುಮಾರು 97 ಡಿಗ್ರಿ ಕೋನದ ದುಂಡು ಕಿಟಕಿಯೊಂದರ ಮೂಲಕ; ಅದರಾಚೆಗೆ ನೀರಿನ ಮೇಲ್ಮೈ ಒಳಮುಖದ ಕನ್ನಡಿ. ತೇಲುತ್ತ ಬರುವ ಹುಳು ಆ ಕಿಟಕಿಗೆ ಸೇರುವ ಮೊದಲು ಮೀನಿಗೆ ತೋರುವುದು ಅದರ ಕಾಲುಗಳು ಮೇಲ್ಮೈಯನ್ನು ಒತ್ತಿದಲ್ಲಿ ಮಿನುಗುವ ಬೆಳಕಿನ ಚುಕ್ಕಿಗಳು ಮಾತ್ರ. ಇದನ್ನು 1931ರಲ್ಲಿಯೇ ಇಂಗ್ಲೆಂಡಿನ ಕರ್ನಲ್ ಹಾರ್ಡಿಂಗ್ ವಿವರಿಸಿದ್ದ. ಅದನ್ನು ಪೆನ್ಸಿಲ್ವೇನಿಯದ ಲೆಟಾರ್ಟ್ ಎಂಬ ಊಟೆಹೊಳೆಗೆ ಒಗ್ಗಿಸಿದವನು ಮರಿನಾರೊ. ಅಲ್ಲಿ ಮೀನುಗಳು ಏನನ್ನೋ ತಿನ್ನುತ್ತಿದ್ದವು, ಹುಳು ಮಾತ್ರ ಕಣ್ಣಿಗೆ ಬೀಳುತ್ತಿರಲಿಲ್ಲ. ಹರಿವಿಗೆ ಸಣ್ಣ ಕಣ್ಣಿನ ಜಾಲರಿ ಒಡ್ಡಿದಾಗ ದಡದ ಹುಲ್ಲಿನಿಂದ ಬಿದ್ದ ಇರುವೆ, ಜಿಗಿಹುಳುಗಳು ಸಿಕ್ಕವು. ಆ ಜಿಗಿಹುಳುವಿಗೆ ಅವನು ಕಟ್ಟಿದ ಪ್ರತಿಯಲ್ಲಿ ಮೈಯ ದಪ್ಪವಿಲ್ಲ, ವಿವರಗಳಿಲ್ಲ. ಚಪ್ಪಟೆಯಾಗಿ ಮಲಗಿಸಿದ ಒಂದು ಗರಿಯೇ ಮುಖ್ಯ. ಕೆಳಗಿನಿಂದ ನೋಡುವವನಿಗೆ ದಪ್ಪ ಕಾಣದು, ನೆರಳಿನ ಆಕಾರವೇ ಕಾಣುವುದು ಎಂಬುದು ಅವನ ತರ್ಕ. ಆ ಗರಿ ನಮ್ಮ ದಕ್ಷಿಣದ ಕಾಡುಗಳಲ್ಲಿ ವಾಸಿಸುವ ಬೂದು ಕಾಡುಕೋಳಿ ಹುಂಜದ ಕೊರಳಿನದು. ಅರಗಿನ ತೊಟ್ಟು ಬಿದ್ದಂತೆ ಹೊಳೆಯುವ ಆ ಗರಿಗಳಿಗಾಗಿಯೇ ಒಂದು ಕಾಲದಲ್ಲಿ ಈ ಹಕ್ಕಿಯ ಸಂಹಾರವಾಗುತ್ತಿತ್ತು. ಇಂದು ಅದಕ್ಕೆ ಕಾನೂನಿನ ರಕ್ಷಣೆಯುಂಟು.

ವಿವರಗಳನ್ನೆಲ್ಲ ತುಂಬಿದ ಪ್ರತಿ ಸೋತಲ್ಲಿ ಸೂಚನೆ ಗೆದ್ದಿತೆಂಬುದು ಇದರ ತಾತ್ಪರ್ಯ. ಇಂಗ್ಲೆಂಡಿನ ಏವನ್ ನದಿಯ ಪಾಲಕನಾಗಿದ್ದ ಫ್ರ್ಯಾಂಕ್ ಸಾಯರ್ ಕಟ್ಟಿದ ಮರಿಹುಳುವಿನಲ್ಲಿಯೂ ಕಾಲುಗಳಿಲ್ಲ. ತಾಮ್ರದ ಎಳೆ ಮತ್ತು ಫೆಸೆಂಟ್ ಹಕ್ಕಿಯ ಬಾಲದ ಗರಿ, ಅಷ್ಟೇ. ಈಜುವಾಗ ಮರಿ ಕಾಲುಗಳನ್ನು ಮೈಗೆ ಒತ್ತಿಕೊಳ್ಳುವುದನ್ನು ಅವನು ಕಂಡಿದ್ದ. ಧ್ವನಿಯೆಂದು ನಾವು ಹೇಳುವುದೂ ಇದೇ ಅಲ್ಲವೇ? ಆದರೆ ಒಂದು ಎಚ್ಚರ ಅಗತ್ಯ. ಸಾಯರನು ಕಾಲುಗಳನ್ನು ಬಿಟ್ಟುದು ಕಾಲುಗಳನ್ನು ನೋಡಿದ ಮೇಲೆ. ಮರಿನಾರೊ ದಪ್ಪವನ್ನು ತ್ಯಜಿಸಿದುದು ಹುಳುವನ್ನು ಜಾಲರಿಯಲ್ಲಿ ಎಣಿಸಿದ ಮೇಲೆ. ನೋಡದೆ ಬಿಟ್ಟುದು ಧ್ವನಿಯಾಗದು, ಸೋಮಾರಿತನವಾದೀತು.

ಇಷ್ಟು ಹಿನ್ನೆಲೆಯಲ್ಲಿ, ಈ ವಿದ್ಯೆಗೆ ಇಂದಿನ ಜನಪ್ರಿಯ ಹೆಸರನ್ನು ಕೊಟ್ಟ ಅರ್ನೆಸ್ಟ್ ಷ್ವೀಬರ್ಟನ 1955ರ ‘ಮ್ಯಾಚಿಂಗ್ ದ ಹ್ಯಾಚ್’ ಗ್ರಂಥವನ್ನು ತೂಗಬಹುದು. ಮುಂದೆ ವಾಸ್ತುಶಿಲ್ಪಿಯಾದ, ಆಗ ಇನ್ನೂ 25 ತುಂಬದಿದ್ದ ತರುಣ ಇದನ್ನು ಬರೆದು ಚಿತ್ರಗಳನ್ನೂ ತಾನೇ ಬಿಡಿಸಿದನೆಂಬುದು ಆಶ್ಚರ್ಯದ ಸಂಗತಿ. ಅಮೆರಿಕದ ಪೂರ್ವ ಪಶ್ಚಿಮಗಳೆರಡರ ಹೊಳೆಗಳ ಕೀಟಗಳನ್ನೂ ಒಂದೇ ಕಟ್ಟಿನಲ್ಲಿ ತಂದುದು ಅದರ ದೊಡ್ಡ ಗುಣ. 1935ರಲ್ಲಿ ಪ್ರೆಸ್ಟನ್ ಜೆನ್ನಿಂಗ್ಸ್, 1947ರಲ್ಲಿ ಆರ್ಟ್ ಫ್ಲಿಕ್ ಪೂರ್ವದ ಹೊಳೆಗಳ ಮಟ್ಟಿಗೆ ಮಾಡಿದ್ದನ್ನು ಇದು ಖಂಡದ ವಿಸ್ತಾರಕ್ಕೆ ಬೆಳೆಸಿತು. ಆದರೆ ವಿಸ್ತಾರಕ್ಕೆ ಬೆಲೆ ತೆರಬೇಕಾಗುತ್ತದೆ. ಇಂಥ ಪುಸ್ತಕವನ್ನು ಓದುಗ ಪಂಚಾಂಗದಂತೆ ಬಳಸತೊಡಗುತ್ತಾನೆ: ಇಂಥ ತಿಂಗಳು, ಇಂಥ ಹುಳು, ಇಂಥ ಪ್ರತಿ. ಹೊಳೆಯನ್ನು ನೋಡುವ ಮೊದಲೇ ಉತ್ತರ ಸಿದ್ಧವಾಗಿರುತ್ತದೆ. ಗ್ರಂಥಕರ್ತನ ಉದ್ದೇಶ ಅದಲ್ಲವೆಂಬುದು ನಿಜ. ಅವನ ದಡದ ಕಥನಗಳಲ್ಲಿ ನೋಟವೇ ಮುಂದು, ಹೆಸರು ಹಿಂದು. ಆದ್ದರಿಂದ ಪುಸ್ತಕದ ಸಾರವಿರುವುದು ಕೋಷ್ಟಕಗಳಲ್ಲಲ್ಲ, ಅವುಗಳ ನಡುವಣ ಗದ್ಯದಲ್ಲಿ ಎಂದು ನಮ್ಮ ಅಭಿಪ್ರಾಯ.

ಇಷ್ಟೆಲ್ಲ ಪಾಂಡಿತ್ಯ ಒಂದು ಮೂಕಪ್ರಾಣಿಯನ್ನು ವಂಚಿಸುವುದಕ್ಕಾಗಿಯೇ ಎಂದು ವಾಚಕರಲ್ಲಿ ಕೆಲವರಾದರೂ ಕೇಳದಿರಲಾರರು. ಪ್ರಶ್ನೆ ನ್ಯಾಯವಾದದ್ದು, ಈ ಗ್ರಂಥಕರ್ತರಲ್ಲಿ ಹಲವರು ಅದನ್ನು ಎದುರಿಸದೆ ಸರಿದಿರುವುದು ಅವರ ಕೊರತೆ. ವಂಚನೆ ವಂಚನೆಯೇ. ಆದರೆ ಆ ವಂಚನೆಗಾಗಿ ಕಲಿತ ನೋಟ ಮತ್ತೊಂದು ಕೆಲಸಕ್ಕೂ ಬಂದಿತೆಂಬುದನ್ನು ಹೇಳದಿದ್ದರೆ ನಮ್ಮಿಂದ ಅನ್ಯಾಯವಾದೀತು. ಮೇಫ್ಲೈ ಮೊದಲಾದ ಕೀಟಗಳ ಮರಿಗಳು ನೀರು ಕೆಟ್ಟರೆ ಬಹುಬೇಗ ಅಳಿಯುತ್ತವೆ. ಹುಳು ಏಳುವುದು ಕಡಿಮೆಯಾದುದನ್ನು ಹೊಳೆಯ ಬಳಿ ವರ್ಷವರ್ಷವೂ ನಿಂತವರು ಗಮನಿಸಿದರು. 2007ರಿಂದ ಬ್ರಿಟನ್ನಿನಲ್ಲಿ ಗಾಳದವರೇ ತರಬೇತಿ ಪಡೆದು ಹೊಳೆಯ ಮರಿಹುಳುಗಳನ್ನು ನಿಯತವಾಗಿ ಎಣಿಸುವ ಏರ್ಪಾಡು ನಡೆದಿದೆ. ಸರಿಗಟ್ಟಲು ಹುಳುವೇ ಇಲ್ಲದ ಹೊಳೆಯಲ್ಲಿ ಈ ಸಾಹಿತ್ಯಕ್ಕೆ ಅರ್ಥವಿಲ್ಲವೆಂಬುದು ಅವರಿಗೆ ತಿಳಿದಿದೆ.

ನಮ್ಮ ನೀಲಗಿರಿಗೂ ಈ ವಿಷಯಕ್ಕೂ ನಂಟುಂಟು. ಇಲ್ಲಿನ ತೊರೆಗಳಿಗೆ ಟ್ರೌಟ್ ತರಲು 1863ರಲ್ಲಿ ಫ್ರಾನ್ಸಿಸ್ ಡೇ ಮಾಡಿದ ಯತ್ನ ಫಲಿಸಲಿಲ್ಲ. 20ನೆಯ ಶತಮಾನದ ಮೊದಲ ದಶಕದಲ್ಲಿ ಎಚ್. ಸಿ. ವಿಲ್ಸನ್ ಅವಲಾಂಚಿಯಲ್ಲಿ ಮರಿ ಮಾಡಿಸಿ ಬಿಟ್ಟ ಮೇಲೆ ಮಳೆಬಿಲ್ಲಿನ ಹೆಸರಿನ ಟ್ರೌಟ್ ಇಲ್ಲಿ ನೆಲೆಸಿತು. ಅದರ ತವರು ಶಾಂತಸಾಗರದ ತೀರದ ನದಿಗಳು. ಹೀಗೆ ಮೀನು ಪರದೇಶದ್ದು, ಪುಸ್ತಕವೂ ಪರದೇಶದ್ದು. ಹೊಳೆ ಮಾತ್ರ ನಮ್ಮದು, ಅದರಲ್ಲಿ ಏಳುವ ಹುಳುವೂ ನಮ್ಮದು. ಎರಡು ಮಳೆಗಾಲಗಳ ಈ ಬೆಟ್ಟದಲ್ಲಿ ಹ್ಯಾಂಪ್‌ಷೈರಿನ ತಿಂಗಳುಗಳ ಪಟ್ಟಿಯನ್ನು ಹಿಡಿದು ನಿಲ್ಲುವವನಿಗೆ ಮೀನು ಉತ್ತರ ಕೊಡದು. ಪರದೇಶದಿಂದ ಬಂದ ಮೀನು ಕೂಡ ಇಲ್ಲಿ ಬದುಕಿದುದು ಇಲ್ಲಿನ ಹುಳುವನ್ನು ಕಲಿತು.

ಪಟ್ಟಿಯನ್ನು ಎರವು ತರಲಾಗದು, ನೋಟವನ್ನು ತರಬಹುದು. ಈ ಗ್ರಂಥಗಳನ್ನು ಓದಿ ನಾವು ಕಂಡುಕೊಂಡುದು ಇಷ್ಟು. ಮೊದಲು ಅವಸ್ಥೆ, ಅನಂತರ ಗಾತ್ರ, ಆಮೇಲೆ ಆಕಾರ, ಕೊನೆಗೆ ಬಣ್ಣ ಎಂಬ ಕ್ರಮದಲ್ಲಿ ಹುಳುವನ್ನು ನೋಡಲು ಕಲಿತವನು ಯಾವ ಹೊಳೆಯ ಬಳಿಯಲ್ಲಿಯೂ ತನ್ನ ಪುಸ್ತಕವನ್ನು ತಾನೇ ಬರೆದುಕೊಳ್ಳಬಲ್ಲ. ನೀಲಗಿರಿಯ ತೊರೆಗಳ ಹುಳುಗಳಿಗೆ ಹೆಸರಿಟ್ಟು, ಅವು ಏಳುವ ಹೊತ್ತನ್ನು ಗುರುತಿಸಿ ಕನ್ನಡದಲ್ಲಿ ಬರೆಯುವ ತರುಣರು ಮುಂದೆ ಬಂದರೆ, ಅವರ ಕೈಯಲ್ಲಿ ಗಾಳವಿರಲಿ ಇಲ್ಲದಿರಲಿ, ಆ ಬರಹ ನಮಗೆ ಆದರಣೀಯವೇ.