ಪಾದಯಾತ್ರಿಯ ಹೆಗಲಿಗೊಂದು ಜಲಶೋಧಕ

ನೂರು ಗ್ರಾಮಿಗೂ ಕಡಿಮೆ ತೂಗುವ, ಜೋಳಿಗೆಯ ಮೂಲೆಯಲ್ಲಿ ಅಡಗಿಕೊಳ್ಳಬಲ್ಲ, ಚೀಲದಲ್ಲಿ ತುಂಬಿದ ಕೆರೆಯ ನೀರನ್ನು ಹಿಂಡಿದೊಡನೆಯೇ ಸ್ಫಟಿಕಸದೃಶವಾದ ಜಲವನ್ನು ಕೊಡುವ ಸಣ್ಣ ಜಲಶೋಧಕಗಳನ್ನು ಚಾರಣಿಗರ ಸಲಕರಣೆಯೆಂದು ಮಾರುತ್ತಾರೆ. ಅವುಗಳ ಗುಣಾವಗುಣಗಳನ್ನು ಪರೀಕ್ಷಿಸಲು ಹಿಮಾಲಯದ ತಪ್ಪಲಿಗೇ ಹೋಗಬೇಕೆಂಬ ನಿಯಮವೇನೂ ಇಲ್ಲ. ಯಾದಗಿರಿಯ ಸಮೀಪದ ಅಬ್ಬೆತುಮಕೂರಿನಲ್ಲಿ ವಿಶ್ವಾರಾಧ್ಯರ ಗದ್ದುಗೆಗೆ ಸುತ್ತಣ ಹಳ್ಳಿಗಳಿಂದ ನಡೆದು ಬರುವ ಭಕ್ತರ ದಾರಿಯೂ, ಇದೇ ಸೀಮೆಯಿಂದ ಹೊರಟು ಯುಗಾದಿಯೊಳಗೆ ಮಲ್ಲಯ್ಯನನ್ನು ಕಾಣಬೇಕೆಂದು ನಲ್ಲಮಲೆಯ ಅಡವಿಯನ್ನು ಹೊಕ್ಕು, ವೆಂಕಟಾಪುರ, ನಾಗಲೂಟಿ, ಪೆಚ್ಚೆರುವು, ಭೀಮುನಿ ಕೊಳಗಳನ್ನು ಹಾಯ್ದು ಕೈಲಾಸದ್ವಾರವನ್ನೇರುವ ಶ್ರೀಶೈಲದ ಪಾದಯಾತ್ರಿಗಳ ದಾರಿಯೂ ಆ ಪರೀಕ್ಷೆಗೆ ಯಥೇಷ್ಟವಾಗಿವೆ. ಹೆಗಲ ಮೇಲೆ ಗಂಟು ಹೊತ್ತು, ಸಿಕ್ಕಲ್ಲಿ ನೀರು ಕುಡಿದು, ದಿನಗಟ್ಟಲೆ ನಡೆಯುವ ವಿದ್ಯೆ ನಮ್ಮವರಿಗೆ ಹೊಸದಾಗಿ ಕಲಿಯಬೇಕಾದದ್ದಲ್ಲ.

ಉಪಕರಣದ ರಚನೆ ಸರಳವಾದದ್ದು. ಅದರ ಹೊಟ್ಟೆಯೊಳಗೆ ಶ್ಯಾವಿಗೆಯ ಎಳೆಗಳಂತೆ ಒತ್ತೊತ್ತಾಗಿ ಕೂಡಿಸಿದ ಟೊಳ್ಳು ತಂತುಗಳಿವೆ. ಅವುಗಳ ಭಿತ್ತಿಯಲ್ಲಿ 0.1 ಅಥವಾ 0.2 ಮೈಕ್ರಾನ್ ಅಳತೆಯ ರಂಧ್ರಗಳಿವೆ. ಮಿಲಿಮೀಟರನ್ನು ಹತ್ತು ಸಾವಿರ ಪಾಲು ಮಾಡಿದರೆ ದೊರೆಯುವ ಒಂದೆರಡು ಪಾಲಿನಷ್ಟು ಸೂಕ್ಷ್ಮವಾದ ಆ ದ್ವಾರಗಳಲ್ಲಿ ನೀರು ನುಸುಳೀತು. ಕಾಲರಾ, ವಿಷಮಶೀತಜ್ವರ, ಆಮಶಂಕೆಗಳನ್ನುಂಟುಮಾಡುವ ಜೀವಾಣುಗಳು ನುಸುಳಲಾರವು. ಆದರೆ ಕಾಮಾಲೆಯನ್ನು ತರುವ ವೈರಾಣುಗಳ ಮಾತು ಬೇರೆ. ಅವುಗಳ ಗಾತ್ರ ಆ ರಂಧ್ರದ ಮೂರರಲ್ಲೊಂದು ಪಾಲಿಗೂ ಕಡಿಮೆಯಾಗಿರುವುದುಂಟು. ವೈರಾಣುಗಳೆಂಬ ವರ್ಗವೊಂದಿದೆಯೆಂಬ ಅರಿವು ಮಾನವನಿಗೆ ಮೂಡಿದುದೇ ಶೋಧಕದ ಸೋಲಿನಿಂದ ಎಂಬುದನ್ನು ಇಲ್ಲಿ ಸ್ಮರಿಸಬಹುದು. ಪಾಶ್ಚರನ ಪ್ರಯೋಗಶಾಲೆಯಲ್ಲಿ ಚೇಂಬರ್‌ಲಾಂಡನು 1884ರಲ್ಲಿ ರೂಪಿಸಿದ ಪಿಂಗಾಣಿಯ ಶೋಧಕವು ಸಕಲ ರೋಗಬೀಜಗಳನ್ನೂ ತಡೆಯುವುದೆಂದು ವಿದ್ವಾಂಸರು ನಂಬಿದ್ದ ಕಾಲದಲ್ಲಿ, 1892ರಲ್ಲಿ ರಷ್ಯದ ಇವಾನೊವ್‌ಸ್ಕಿಯು ರೋಗಗ್ರಸ್ತವಾದ ಹೊಗೆಸೊಪ್ಪಿನ ರಸವನ್ನು ಅದರ ಮೂಲಕ ಸೋಸಿ, ಸೋಸಿದ ರಸವೂ ರೋಗವನ್ನು ಹರಡುವುದನ್ನು ಕಂಡುಕೊಂಡನು. ಅಂದು ಪಿಂಗಾಣಿಗೆ ಇದ್ದ ಮಿತಿಯೇ ಇಂದು ಈ ತಂತುಗಳಿಗೂ ಇದೆ. ಮಾರುವವರು ಇದನ್ನು ಸಣ್ಣ ಅಕ್ಷರಗಳಲ್ಲಿ ಅಚ್ಚು ಹಾಕಿಸುತ್ತಾರೆ.

ಸೋಸಿ ಕುಡಿಯುವ ಪದ್ಧತಿಯಾದರೋ ನಮ್ಮ ನಾಡಿನಲ್ಲಿ ಪುರಾತನವಾದದ್ದು. ಲಿಂಗಪೂಜೆಯ ಅಗ್ಘವಣಿಯನ್ನು ಅರಿವೆಯಲ್ಲಿ ಸೋಸಿಯೇ ತರಬೇಕೆಂದು ಶರಣರು ಕಟ್ಟಳೆ ಮಾಡಿಕೊಂಡಿದ್ದರು. ಜೈನ ಗೃಹಸ್ಥರು ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ, ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ಸೋಸಿದ ನೀರಿನಿಂದಲೇ ತೊಳೆದು, ಯಾವ ಬಾವಿಯಿಂದ ಬಂದುವೋ ಆ ಬಾವಿಗೇ ಮರಳಿ ಬಿಡುವ ವಿಧಿಯನ್ನು ಇರಿಸಿಕೊಂಡರು. ಅವರದು ಜೀವದಯೆಯ ವಿಧಿ, ಆರೋಗ್ಯಶಾಸ್ತ್ರದ ವಿಧಿಯಲ್ಲ. ಆದರೂ ಶೋಧಕವನ್ನು ಶುದ್ಧಜಲದಿಂದ ಹಿಮ್ಮುಖವಾಗಿ ತೊಳೆಯಬೇಕೆಂದು ಇಂದಿನ ಕೈಪಿಡಿಗಳು ಹೇಳುವ ನಿಯಮವು ಅದರಲ್ಲಿ ಸಂಪೂರ್ಣವಾಗಿ ಅಡಗಿದೆ.

ಹಿಂದಿನ ಗುಲ್ಬರ್ಗಾ ಜಿಲ್ಲೆಯ ಹಿರಿಯರಿಗೆ ನಾರುಹುಣ್ಣಿನ ಹೆಸರು ಮರೆತಿರಲಾರದು. ಮೆಟ್ಟಿಲುಬಾವಿಯ ನೀರಿನಲ್ಲಿರುವ ಸೈಕ್ಲಾಪ್ಸ್ ಎಂಬ ಸಣ್ಣ ಜಲಕೀಟದ ಮೂಲಕ ದೇಹವನ್ನು ಹೊಕ್ಕ ಹುಳುವು ಸುಮಾರು ಒಂದು ವರ್ಷ ಒಳಗೇ ಬೆಳೆದು, ಎರಡು ಮೂರು ಅಡಿ ಉದ್ದದ ನೂಲಾಗಿ ಕಾಲಿನ ಹುಣ್ಣಿನಿಂದ ಹೊರಬರುತ್ತಿತ್ತು. ಅದು ತುಂಡಾಗದಂತೆ ಕಡ್ಡಿಗೆ ಸುತ್ತುತ್ತ ದಿನಕ್ಕಿಷ್ಟಿಷ್ಟೇ ಎಳೆಯಬೇಕಾಗುತ್ತಿತ್ತು. ಕರ್ನಾಟಕವೂ ಈ ಪಿಡುಗಿನ ರಾಜ್ಯಗಳಲ್ಲಿ ಒಂದಾಗಿತ್ತು. ದೇಶದ ಕೊನೆಯ ಪ್ರಕರಣ 1996ರಲ್ಲಿ ರಾಜಸ್ಥಾನದಲ್ಲಿ ಕಂಡಿತು. 2000ದಲ್ಲಿ ಭಾರತವು ಇದರಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಈ ವಿಜಯದಲ್ಲಿ ಸುರಕ್ಷಿತ ಬಾವಿಗಳ ಜತೆಗೆ ನೀರು ಸೋಸುವ ಬಟ್ಟೆಗೂ ಪಾಲು ಸಲ್ಲುತ್ತದೆ. ಆಫ್ರಿಕದಲ್ಲಿ ಅದೇ ಹುಳುವಿನ ವಿರುದ್ಧ ಕಾರ್ಟರ್ ಸೆಂಟರಿನ ಕಾರ್ಯಕ್ಕಾಗಿ ವೆಸ್ಟರ್‌ಗಾರ್ಡ್ ಸಂಸ್ಥೆಯವರು ತಯಾರಿಸಿದ, ಕೊರಳಿಗೆ ನೇತುಹಾಕಿಕೊಳ್ಳುವ ಸೋಸುಗೊಳವೆಯಿಂದಲೇ ಇಂದು ಚಾರಣಿಗರು ಹೀರುವ ಲೈಫ್‌ಸ್ಟ್ರಾ ಹುಟ್ಟಿತು. ಬಡವನ ರೋಗಕ್ಕೆ ಕಂಡುಹಿಡಿದ ಮದ್ದು ಉಳ್ಳವನ ವಿಹಾರಕ್ಕೆ ಒದಗಿತೆಂದು ಆಕ್ಷೇಪಿಸಬೇಕಾದ್ದಿಲ್ಲ. ಆದರೆ ವಂಶಾವಳಿಯನ್ನು ತಿಳಿದಿರುವುದು ಒಳ್ಳೆಯದು. ಬಟ್ಟೆಯೂ ಇನ್ನೂ ನಿರುಪಯುಕ್ತವಾಗಿಲ್ಲ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ರೀಟಾ ಕಾಲ್ವೆಲ್ ಮತ್ತು ಸಂಗಡಿಗರು ನಡೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಳೆಯ ಸೀರೆಯನ್ನು ಹಲವು ಪದರಾಗಿ ಮಡಿಚಿ ನೀರು ಸೋಸಿದ್ದರಿಂದಲೇ ಕಾಲರಾ ಶೇಕಡ 48ರಷ್ಟು ಇಳಿಯಿತು. ಹೊಸ ಸೀರೆಗಿಂತ ಒಗೆದೊಗೆದು ನೂಲು ಬಿರಿದ ಹಳೆಯದೇ ಉತ್ತಮವೆಂದೂ ತಿಳಿಯಿತು.

ಇನ್ನು ಯಾದಗಿರಿಯ ನೀರಿಗೆ ಬರೋಣ. ಈ ಜಿಲ್ಲೆಯಲ್ಲಿ ನೀರಿನ ದೋಷವು ಎರಡು ಜಾತಿಯದು: ಸಜೀವವಾದದ್ದೊಂದು, ಕರಗಿದುದು ಇನ್ನೊಂದು. 2023ರ ಫೆಬ್ರವರಿಯಲ್ಲಿ ಗುರುಮಠಕಲ್ ತಾಲ್ಲೂಕಿನ ಅನಪುರದಲ್ಲಿ ಕಲುಷಿತವಾದ ನೀರು ಕುಡಿದು ಜನರು ವಾಂತಿಭೇದಿಗಳಿಂದ ನರಳಿದರು, ಜೀವಹಾನಿಯೂ ಆಯಿತು. ಇದು ಮೊದಲನೆಯ ಜಾತಿ. ಸುರಪುರ ತಾಲ್ಲೂಕಿನಲ್ಲಿ, ಹಳೆಯ ಮಂಗಳೂರು ಚಿನ್ನದ ಗಣಿಯ ಸೀಮೆಯಲ್ಲಿರುವ ಕಿರದಳ್ಳಿ ತಾಂಡಾದ ಕೊಳವೆಬಾವಿಯ ನೀರಿನಲ್ಲಿ ಆರ್ಸೆನಿಕ್ ವಿಷ ಕಂಡುಬಂದು ಊರು ಕಂಗೆಟ್ಟದ್ದೂ, ಅನೇಕ ಗ್ರಾಮಗಳ ಅಂತರ್ಜಲದಲ್ಲಿ ಫ್ಲೋರೈಡು ಮಿತಿಮೀರಿ ಮಕ್ಕಳ ಹಲ್ಲಿನ ಮೇಲೆ ಕಂದುಪಟ್ಟಿಯನ್ನು ಬರೆದುದೂ ಎರಡನೆಯ ಜಾತಿ. ಲೀಟರಿಗೆ 0.01 ಮಿಲಿಗ್ರಾಮ್ ಆರ್ಸೆನಿಕ್, 1.5 ಮಿಲಿಗ್ರಾಮ್ ಫ್ಲೋರೈಡು ಎಂದು ವಿಶ್ವ ಆರೋಗ್ಯ ಸಂಸ್ಥೆ ಮೇರೆ ಹಾಕಿದೆ. ಆ ಮೇರೆಯನ್ನು ಮೀರಿದ ನೀರು ಕಣ್ಣಿಗೂ ನಾಲಿಗೆಗೂ ಮೂಗಿಗೂ ಯಾವ ಸುಳಿವನ್ನೂ ಕೊಡುವುದಿಲ್ಲ. ಕರಗಿದ ಲವಣವು ತಂತುವಿನ ರಂಧ್ರದಲ್ಲಿ ನೀರಿನೊಡನೆ ನಿರಾತಂಕವಾಗಿ ಹೊರಬೀಳುತ್ತದೆ. ಕುದಿಸಿದರೂ ಅದು ಹೋಗದು. ಆವಿಯಾಗಿ ನೀರು ತಗ್ಗಿದಷ್ಟೂ ವಿಷವು ಸಾಂದ್ರವಾಗುತ್ತದೆ. ಅದಕ್ಕೆ ಬೇಕಾದದ್ದು ಹಳ್ಳಿಗಳಲ್ಲಿ ನಿಲ್ಲಿಸಿರುವ ಶುದ್ಧ ಕುಡಿಯುವ ನೀರಿನ ಘಟಕಗಳಂಥ, ಒತ್ತಡದಿಂದ ನೀರನ್ನು ಅತಿಸೂಕ್ಷ್ಮವಾದ ಪೊರೆಯಲ್ಲಿ ಹಾಯಿಸುವ ಯಂತ್ರವೇ ಹೊರತು ಕೈಯಲ್ಲಿ ಹಿಂಡುವ ಚೀಲವಲ್ಲ.

ಆದುದರಿಂದ ನನ್ನ ತೀರ್ಪು ಮೇಲ್ನೋಟಕ್ಕೆ ವಿಪರೀತವೆನಿಸಬಹುದು. ಈ ಸೀಮೆಯಲ್ಲಿ ನಡೆಯುವವನು ಜಲಶೋಧಕವನ್ನು ಹಿಡಿದುಕೊಂಡು ತಿಳಿಯಾದ, ಅಪರಿಚಿತ ಕೊಳವೆಬಾವಿಯ ಬಳಿ ಕೂರುವುದಕ್ಕಿಂತ, ಹಳ್ಳದ ಮರಳಿನಲ್ಲಿ ತೋಡಿದ ಒರತೆಯನ್ನೋ ಮಳೆನೀರು ನಿಂತ ಬಂಡೆಯ ದೊಣೆಯನ್ನೋ ಹುಡುಕಿಕೊಳ್ಳುವುದು ಮೇಲು. ಒರತೆಯ ದೋಷವು ಬಹುಮಟ್ಟಿಗೆ ಸಜೀವವಾದದ್ದು, ಉಪಕರಣದ ಕೈಗೆ ಸಿಕ್ಕುವಂಥದು. ನಾರಾಯಣಪುರದ ಕಾಲುವೆಗಳಿಂದ ನೆನೆದ ಶಹಾಪುರ, ಸುರಪುರಗಳ ಭತ್ತದ ಗದ್ದೆಗಳ ಬಸಿಗಾಲುವೆಯನ್ನು ಮಾತ್ರ ಈ ಮಾತಿನಿಂದ ಹೊರಗಿಡಬೇಕು. ಅಲ್ಲಿ ಸಿಂಪಡಿಸಿದ ಕ್ರಿಮಿನಾಶಕವು ನೀರಿಗಿಳಿದಿರುತ್ತದೆ. ಇದ್ದಿಲನ್ನು ಕೂಡಿಸಿದ ಕೆಲವು ಶೋಧಕಗಳು ಅದರಲ್ಲಿ ಸ್ವಲ್ಪವನ್ನು ಹಿಡಿದಾವು, ಆದರೆ ಆ ಭರವಸೆಯ ಮೇಲೆ ಬಸಿಗಾಲುವೆಯನ್ನು ಕುಡಿಯುವುದು ಸಾಹಸವಲ್ಲ, ಮೌಢ್ಯ.

ಬಳಕೆಯ ವಿಷಯದಲ್ಲಿ ಎರೆಭೂಮಿಯೇ ಈ ತಂತುಗಳ ಪರಮವೈರಿ. ಮರಳು ಕೆಲವು ನಿಮಿಷಗಳಲ್ಲಿ ತಳಕ್ಕಿಳಿಯುತ್ತದೆ; ಎರೆಮಣ್ಣಿನ ಅತಿಸೂಕ್ಷ್ಮ ಕಣಗಳು ದಿನಗಟ್ಟಲೆ ತೇಲುತ್ತ, ನೇರವಾಗಿ ಶೋಧಕಕ್ಕೆ ಹಾಕಿದರೆ ಲೇಪದಂತೆ ರಂಧ್ರಗಳನ್ನು ಮುಚ್ಚಿಬಿಡುತ್ತವೆ. ತಯಾರಕರು ಸಾವಿರಾರು ಲೀಟರುಗಳ ಆಯುಷ್ಯವನ್ನು ಘೋಷಿಸುವಾಗ ಅವರ ಕಣ್ಣ ಮುಂದಿರುವುದು ತಿಳಿನೀರೇ ಆಗಿರಬೇಕು. ಮಳೆಗಾಲದ ಭೀಮೆಯ ಕೆನ್ನೀರನ್ನು ಅವರು ನೆನೆದಂತಿಲ್ಲ. ಇದಕ್ಕೆ ಅಜ್ಜಿಯರ ಉಪಾಯವೇ ಉಪಾಯ: ನೀರನ್ನು ಮೊದಲು ನಾಲ್ಕು ಪದರಿನ ಹಳೆಯ ಅರಿವೆಯಲ್ಲಿ ಸೋಸಿ, ಚಿಲ್ಲದ ಬೀಜವನ್ನು ತೇಯ್ದು ಕದಡಿ ಅಥವಾ ಪಟಿಕದ ತುಂಡನ್ನು ಒಂದೆರಡು ಸುತ್ತು ಆಡಿಸಿ, ಬೀಡಾರದಲ್ಲಿ ರಾತ್ರಿಯೆಲ್ಲ ನಿಲ್ಲಗೊಟ್ಟು, ಬೆಳಗ್ಗೆ ಮೇಲಿನ ತಿಳಿಯನ್ನಷ್ಟೇ ಶೋಧಕಕ್ಕೆ ಕೊಡುವುದು. ಸಂಸ್ಕೃತ ಗ್ರಂಥಗಳು ಕತಕವೆಂದು ಕರೆಯುವುದು ಈ ಚಿಲ್ಲದ ಬೀಜವನ್ನೇ.

ಬೇಸರವಿಲ್ಲದೆ ಪಾಲಿಸಬೇಕಾದ ಇನ್ನೊಂದು ನಿಯಮವಿದೆ. ಹರಿವು ಮಂದವಾಗುವವರೆಗೆ ಕಾಯದೆ, ದಿನದ ನಡಿಗೆ ಮುಗಿದೊಡನೆ ಸೋಸಿದ ನೀರನ್ನೇ ಪಿಚಕಾರಿಯಲ್ಲಿ ತುಂಬಿ, ಶುದ್ಧಜಲ ಹೊರಬೀಳುವ ಬಾಯಿಯಿಂದ ರಭಸವಾಗಿ ಹಿಮ್ಮುಖಕ್ಕೆ ಒತ್ತಬೇಕು. ಇಲ್ಲಿ ಕೆರೆಯ ನೀರನ್ನು ಬಳಸಿದವನು ಕೊಳೆಯನ್ನು ತಂತುವಿನ ಶುದ್ಧವಾದ ಮಗ್ಗುಲಿಗೇ ಆಹ್ವಾನಿಸಿದಂತಾಯಿತು. ಜೈನರ ವಿಧಿಯ ಸೂಕ್ಷ್ಮ ಇರುವುದೂ ಇಲ್ಲಿಯೇ. ಗಡಸು ನೀರಿನ ಸುಣ್ಣ ಒಳಗೆ ಕಟ್ಟಿಕೊಂಡು ಹರಿವು ನಿಂತರೆ ವಿನೆಗರಿನಲ್ಲಿ ಕೆಲಹೊತ್ತು ನೆನೆಯಿಟ್ಟು ತೊಳೆಯಬೇಕು. ಯಾತ್ರೆ ಮುಗಿದ ಮೇಲೆ ತಿಳುವಾದ ಬ್ಲೀಚಿನ ದ್ರಾವಣವನ್ನು ಹಾಯಿಸಿ, ನೆರಳಿನಲ್ಲಿ ಪೂರ್ತಿ ಆರಿಸಿ ಇಡಬೇಕು. ಒದ್ದೆಯಾಗಿ ಕಟ್ಟಿಟ್ಟರೆ ಬೂಜು ಹಿಡಿಯುತ್ತದೆ. ಮತ್ತೆ ತೆಗೆದಾಗ ಒಣಗಿದ ತಂತುಗಳನ್ನು ನೆನೆಸದೆ ಬಲವಂತವಾಗಿ ಹಿಂಡಿದರೆ ಚೀಲದ ಹೊಲಿಗೆ ಬಿಚ್ಚಿಕೊಳ್ಳುವುದೇ ಹೊರತು ನೀರು ಬಾರದು. ಹಿಮಾಲಯದವರಿಗೆ ಮಾತ್ರ ಒಂದು ಮಾತು: ಒಳಗಿನ ನೀರು ಹೆಪ್ಪುಗಟ್ಟಿ ತಂತು ಸೀಳಿದರೆ ಹೊರಗೆ ಏನೂ ಕಾಣದು, ರಾತ್ರಿ ಅದನ್ನು ಹಾಸಿಗೆಯೊಳಗೇ ಇಟ್ಟುಕೊಳ್ಳಬೇಕು.

ಉಪಕರಣದ ನಿಜವಾದ ದೋಷವೆಂದು ನಾನು ಎಣಿಸುವುದು ಇದನ್ನಲ್ಲ. ಸೋಸಿದ ನೀರಿಗೆ ಆಮೇಲಿನ ರಕ್ಷಣೆಯನ್ನು ಅದು ಕೊಡುವುದಿಲ್ಲ. ಕೆರೆಯಲ್ಲಿ ಮುಳುಗಿಸಿದ ಕೈಯಲ್ಲೇ ಶೀಶೆಯ ಬಾಯಿ ಹಿಡಿದರೆ ಶ್ರಮವೆಲ್ಲ ವ್ಯರ್ಥ. ಕ್ಲೋರಿನ್ ಗುಳಿಗೆಯ ಹಿರಿಮೆ ಇರುವುದು ಅಲ್ಲಿ: ಅರ್ಧ ಗಂಟೆಯಲ್ಲಿ ವೈರಾಣುಗಳನ್ನೂ ಕೊಂದು, ಪಾತ್ರೆಯಲ್ಲಿ ಉಳಿದು ಕಾಯುತ್ತದೆ. ಆದರೆ ಆಮಶಂಕೆಯ ಅಮೀಬ ಮೊದಲಾದವುಗಳ ಗಟ್ಟಿ ಕೋಶಗಳ ಮೇಲೆ ಅದರ ಆಟ ನಡೆಯುವುದು ಕಷ್ಟ, ಶೋಧಕ ಅವನ್ನು ಅನಾಯಾಸವಾಗಿ ತಡೆಯುತ್ತದೆ. ಹೀಗೆ ಸೋಸಿ ಗುಳಿಗೆ ಹಾಕಿದ ನೀರೇ ಅಡವಿಯ ದಾರಿಗೆ ಸರಿಯಾದದ್ದು. ಸಾವಿರಾರು ಜನ ಬಾಯಾರಿ ಬರುವ ಜಾತ್ರೆಯ ಅರವಟ್ಟಿಗೆಯಲ್ಲಾದರೋ ಹೆಗಲ ಮೇಲಿನ ಶೋಧಕಕ್ಕೆ ಕೆಲಸವಿಲ್ಲ. ಅಲ್ಲಿ ನೀರೆರೆಯುವವರು ಟ್ಯಾಂಕಿಗೆ ಅಳತೆಯರಿತು ಬ್ಲೀಚಿಂಗ್ ಪುಡಿ ಬೆರೆಸಿ, ಲೀಟರಿಗೆ 0.2 ಮಿಲಿಗ್ರಾಮ್ ಕ್ಲೋರಿನ್ ಉಳಿದಿದೆಯೇ ಎಂದು ಹೊತ್ತುಹೊತ್ತಿಗೆ ಕ್ಲೋರೋಸ್ಕೋಪಿನಲ್ಲಿ ನೋಡಿದರೆ, ಎಲ್ಲ ಯಾತ್ರಿಕರ ಜೋಳಿಗೆಗಳಲ್ಲಿ ಒಂದೊಂದು ಶೋಧಕವನ್ನಿಟ್ಟದ್ದಕ್ಕಿಂತ ಹೆಚ್ಚಿನ ಉಪಕಾರವಾಗುತ್ತದೆ.